ಕಟ್ಟಡ ಸಾಮಗ್ರಿ ಮತ್ತು ಕಟ್ಟಡ ತ್ಯಾಜ್ಯ: ಕರ್ನಾಟಕದಲ್ಲಿ ನಿಯಂತ್ರಣ, ರಾಜಕಾರಣ ಮತ್ತು ಅಧ್ಯಯನ

ಮರಳು, ಜಲ್ಲಿ, ಸೈಜುಗಲ್ಲು, ಇಟ್ಟಿಗೆ ಮಣ್ಣು ಮುಂತಾದವನ್ನು ನೆಲದಿಂದ ತೆಗೆಯುವ ಹಕ್ಕು ಯಾರದು, ಅವು ಯಾವ ಕಾನೂನಿನಡಿ ಸಾಗುತ್ತವೆ, ಕಟ್ಟಡ ಕೆಡವಿದ ಮೇಲೆ ಉಳಿದದ್ದು ಎಲ್ಲಿ ಬೀಳುತ್ತದೆ, ಇದರಲ್ಲಿ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ಪರಿಶೀಲಿಸುವ ಅಧ್ಯಯನ ಕ್ಷೇತ್ರ. ಭೂವಿಜ್ಞಾನ, ಸಿವಿಲ್ ಎಂಜಿನಿಯರಿಂಗ್, ಕಾನೂನು ಮತ್ತು ಸಮಾಜಶಾಸ್ತ್ರ ಇಲ್ಲಿ ಒಂದೆಡೆ ಕೂಡುತ್ತವೆ. ಕರ್ನಾಟಕದಲ್ಲಿ ಈ ಅಧ್ಯಯನಕ್ಕೆ ಕೈಹಾಕಿದವರಿಗೆ ಮೊದಲು ಎದುರಾಗುವ ತೊಡಕು ಲೆಕ್ಕದ್ದು. ಕ್ವಾರಿಯಿಂದ ಹೊರಡುವ ಲೋಡಿಗೆ ತೂಕ, ಪರ್ಮಿಟ್, ರಾಜಧನ ಎಲ್ಲವೂ ಉಂಟು. ಅದೇ ಕಲ್ಲು ಮೂವತ್ತು ನಲವತ್ತು ವರ್ಷ ಗೋಡೆಯಾಗಿದ್ದು ಡೆಬ್ರಿಸ್ ಆಗಿ ಹೊರಬಿದ್ದಾಗ ಅದನ್ನು ತೂಗುವವರು ಸಿಗುವುದು ಅಪರೂಪ. ಮೊದಲನೆಯದು ಬೊಕ್ಕಸಕ್ಕೆ ಆದಾಯ, ಎರಡನೆಯದು ನಗರಾಡಳಿತಕ್ಕೆ ಖರ್ಚು. ದಾಖಲೆಗಳೆಲ್ಲ ಆದಾಯ ಬರುವ ಕಡೆಗೇ ವಾಲಿವೆ. ಎರಡೂ ತುದಿಗಳನ್ನು ಒಟ್ಟಿಗೆ ಹಿಡಿಯದ ಅಧ್ಯಯನ ಅರ್ಧದಲ್ಲೇ ನಿಲ್ಲುತ್ತದೆ.

ಕಾನೂನಿನ ಚೌಕಟ್ಟು

1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯು ಕಟ್ಟಡ ಕಲ್ಲು, ಗ್ರಾವೆಲ್, ಸಾಮಾನ್ಯ ಜೇಡಿಮಣ್ಣು ಮತ್ತು ಸಾಮಾನ್ಯ ಮರಳನ್ನು ಉಪ ಖನಿಜಗಳ ಪಟ್ಟಿಗೆ ಸೇರಿಸಿದೆ. ಇವುಗಳ ಮೇಲೆ ನಿಯಮ ಮಾಡುವ ಅಧಿಕಾರವನ್ನು 15ನೇ ಕಲಂ ರಾಜ್ಯಗಳಿಗೆ ಕೊಟ್ಟಿದೆ. ಕರ್ನಾಟಕದಲ್ಲಿ ಈ ಅಧಿಕಾರ 1994ರ ಉಪ ಖನಿಜ ರಿಯಾಯಿತಿ ನಿಯಮಾವಳಿಯ ಮೂಲಕ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕೈಯಲ್ಲಿದೆ. ಕಬ್ಬಿಣದ ಅದಿರಿನ ವಿಷಯದಲ್ಲಿ ದೆಹಲಿಯವರೆಗೆ ಹೋಗುವ ಜಗಳ, ಜಲ್ಲಿ ಮರಳಿನ ವಿಷಯದಲ್ಲಿ ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ ಮತ್ತು ಪಂಚಾಯಿತಿ ಕಟ್ಟೆಯಲ್ಲೇ ನಡೆದು ಮುಗಿಯುವುದಕ್ಕೆ ಕಾರಣ ಇದೇ. ಇದರ ರಾಜಕಾರಣ ಸ್ಥಳೀಯ, ಆದ್ದರಿಂದಲೇ ಗಟ್ಟಿ.

ಬಹುಕಾಲ 5 ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗಳು ಪರಿಸರ ಅನುಮತಿಯ ಹೊರಗಿದ್ದವು. ದೊಡ್ಡ ಪ್ರದೇಶವನ್ನು ಸಣ್ಣ ಸಣ್ಣ ಗುತ್ತಿಗೆಗಳಾಗಿ ಒಡೆದರೆ ಅನುಮತಿಯ ಗೊಡವೆಯೇ ಇರಲಿಲ್ಲ. ದೀಪಕ್ ಕುಮಾರ್ ಮತ್ತು ಹರಿಯಾಣ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರ ಫೆಬ್ರುವರಿ 27ರಂದು ಈ ದಾರಿಯನ್ನು ಮುಚ್ಚಿತು. ಆ ಬಳಿಕ ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಸುಸ್ಥಿರ ಮರಳುಗಾರಿಕೆಯ ಮಾರ್ಗಸೂಚಿಯನ್ನೂ 2020ರಲ್ಲಿ ಜಾರಿ ಮತ್ತು ಮೇಲ್ವಿಚಾರಣೆಯ ಮಾರ್ಗಸೂಚಿಯನ್ನೂ ಹೊರಡಿಸಿತು. ಇವುಗಳ ಬುನಾದಿ ಜಿಲ್ಲಾ ಸಮೀಕ್ಷಾ ವರದಿ. ಯಾವ ನದಿಯ ಯಾವ ಭಾಗದಲ್ಲಿ ಎಷ್ಟು ಮರಳಿದೆ, ಮಳೆಗಾಲದಲ್ಲಿ ಎಷ್ಟು ಮತ್ತೆ ತುಂಬಿಕೊಳ್ಳುತ್ತದೆ ಎಂಬುದು ಅದರಲ್ಲಿರಬೇಕು. ಮರಳು ಎಷ್ಟು ಮರುಭರ್ತಿಯಾಗುತ್ತದೆ ಎಂದು ಅಳೆಯದ ವರದಿಯನ್ನು ನೆಚ್ಚಿ ಅನುಮತಿ ಕೊಡುವಂತಿಲ್ಲ ಎಂದು ಜಮ್ಮು ಕಾಶ್ಮೀರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2025ರ ಆಗಸ್ಟ್‌ನಲ್ಲಿ ಖಚಿತವಾಗಿ ಹೇಳಿತು. ಮರಳಿನ ಬಗ್ಗೆ ಅಧ್ಯಯನ ಮಾಡುವವರು ಮೊದಲು ತೆರೆಯಬೇಕಾದ ಕಡತ ಈ ವರದಿಯೇ.

ಹೊಳೆಯಿಂದ ಬಂಡೆಗೆ

ಕರಾವಳಿಯಲ್ಲಿ ಮರಳಿನ ಕಥೆ ಬೇರೆ. ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ ನದಿಗಳ ಅಳಿವೆ ಪ್ರದೇಶ ಕರಾವಳಿ ನಿಯಂತ್ರಣ ವಲಯಕ್ಕೆ ಸೇರುತ್ತದೆ. ಅಲ್ಲಿ ಗಣಿಗಾರಿಕೆ ಕೂಡದು. ದೋಣಿ ಸಂಚಾರಕ್ಕೆ ಅಡ್ಡಿಯಾಗುವ ಮರಳು ದಿಬ್ಬಗಳನ್ನು ಮಾತ್ರ, ಸಾಂಪ್ರದಾಯಿಕವಾಗಿ ಮರಳು ತೆಗೆಯುವವರು, ಯಂತ್ರ ಬಳಸದೆ ತೆರವು ಮಾಡಬಹುದು. ಅನುಮತಿ ನೀಡುವುದು ಜಿಲ್ಲಾಧಿಕಾರಿ ನೇತೃತ್ವದ ಏಳು ಜನರ ಸಮಿತಿ. ಹಾಗಾಗಿ ಧಕ್ಕೆಯಲ್ಲಿ ರಾಶಿ ಬಿದ್ದ ಮರಳು ಕಡತದಲ್ಲಿ ‘ದಿಬ್ಬ ತೆರವು’. ಅದೇ ಮರಳು ಲಾರಿ ಏರಿ ಪೇಟೆಗೆ ಬಂದರೆ ಸರಕು. ಸಾಂಪ್ರದಾಯಿಕ ಎಂಬ ಹಕ್ಕು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆ ಈ ಭಾಗದ ರಾಜಕೀಯದಲ್ಲಿ ಮತ್ತೆ ಮತ್ತೆ ಏಳುತ್ತದೆ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಮುಲ್ಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗ ಊರಿನವರು ಬೆರಳು ತೋರಿಸಿದ್ದು ಕಂಬಗಳ ಬುಡದ ಮರಳು ತೆಗೆದವರ ಕಡೆಗೆ.

ಒಳನಾಡಿನಲ್ಲಿ ನೀತಿ ಹಲವು ಬಾರಿ ಬದಲಾಗಿದೆ. ಕೆಲಕಾಲ ಮರಳಿನ ಹೊಣೆಯನ್ನು ಲೋಕೋಪಯೋಗಿ ಇಲಾಖೆಗೆ ವಹಿಸಲಾಗಿತ್ತು. 2020ರ ಮರಳು ನೀತಿಯಲ್ಲಿ ಹಳ್ಳ ತೊರೆಗಳ ಮರಳನ್ನು ಗ್ರಾಮ ಪಂಚಾಯಿತಿಗಳಿಗೆ ಬಿಟ್ಟು, ದೊಡ್ಡ ನದಿಗಳದ್ದನ್ನು ಹಟ್ಟಿ ಚಿನ್ನದ ಗಣಿ ಕಂಪನಿ ಮತ್ತು ರಾಜ್ಯ ಖನಿಜ ನಿಗಮಕ್ಕೆ ಕೊಡಲಾಯಿತು. ಆದರೆ ಅಷ್ಟರಲ್ಲಿ ಪೇಟೆಯ ಒಲವೇ ಬದಲಾಗಿತ್ತು. ಬೆಂಗಳೂರಿನ ಮೇಸ್ತ್ರಿಗಳು ಇಂದು ಕಾಂಕ್ರೀಟಿಗೆ ಎಂ-ಸ್ಯಾಂಡ್, ಗಾರೆಗೆ ಪಿ-ಸ್ಯಾಂಡ್ ಎಂದು ಬರೆಸುತ್ತಾರೆ. ಹೊಳೆ ಮರಳು ಕೇಳುವವರು ಕಡಿಮೆ.

ಹೊಳೆಗೆ ಇದರಿಂದ ಉಸಿರಾಡಲು ಬಿಡುವು ಸಿಕ್ಕಿತು, ನಿಜ. ಭಾರ ಬಂಡೆಯ ಮೇಲೆ ಬಿತ್ತು. ಎಂ-ಸ್ಯಾಂಡ್ ಎಂದರೆ ಬಂಡೆ ಸಿಡಿಸಿ ಕ್ರಷರ್‌ನಲ್ಲಿ ಪುಡಿ ಮಾಡಿದ ಕಲ್ಲು. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಬಳಿಯ ಹುಣಸೋಡಿನಲ್ಲಿ ಕ್ರಷರ್ ಬಳಿ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತರು. ಸುತ್ತಲಿನ ಜಿಲ್ಲೆಗಳಲ್ಲಿ ನೆಲ ನಡುಗಿದ್ದನ್ನು ಜನ ಭೂಕಂಪವೆಂದೇ ತಿಳಿದರು. ಫೆಬ್ರುವರಿ 23ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಮಂದಿ ಪ್ರಾಣ ಕಳೆದುಕೊಂಡರು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಳಿಂದ ಕೆಆರ್‌ಎಸ್ ಅಣೆಕಟ್ಟೆಗೆ ಅಪಾಯವೇ ಎಂಬ ವಾದ ವರ್ಷಗಟ್ಟಲೆ ನಡೆದು, ಅಣೆಕಟ್ಟೆ ಸುರಕ್ಷತಾ ಕಾಯ್ದೆಯಡಿ ಅಧ್ಯಯನ ಮುಗಿಯುವವರೆಗೆ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ಸಲ್ಲದು ಎಂದು ಹೈಕೋರ್ಟು 2024ರ ಜನವರಿಯಲ್ಲಿ ಆದೇಶಿಸಿತು. ಮರಳಿಗೆ ಪರ್ಯಾಯ ಎಂದು ಎಂ-ಸ್ಯಾಂಡನ್ನು ಹೊಗಳುವ ಬರಹಗಳಲ್ಲಿ ಈ ಊರುಗಳ ಹೆಸರೂ ಇರಬೇಕು.

ಕಾಗದ ತಾಳೆ ಹಾಕುವ ವಿಧಾನ

ಅಕ್ರಮದ ಪ್ರಮಾಣವನ್ನು ಅಳೆಯಲು ಸಂಶೋಧಕರಿಗೆ ಇರುವ ದೊಡ್ಡ ಸಾಧನ ಎರಡು ಬೇರೆ ಬೇರೆ ಕಚೇರಿಗಳ ಕಾಗದವನ್ನು ಎದುರುಬದುರು ಇಟ್ಟು ನೋಡುವುದು. ಬಳ್ಳಾರಿಯ ಅದಿರಿನ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು 2011ರ ಜುಲೈನಲ್ಲಿ ಕೊಟ್ಟ ವರದಿ ಇದಕ್ಕೆ ಮಾದರಿ. ಸಾಗಣೆ ಪರ್ಮಿಟ್‌ಗಳನ್ನು ಬಂದರುಗಳ ರಫ್ತು ಲೆಕ್ಕದೊಂದಿಗೆ ತಾಳೆ ಹಾಕಿದಾಗ ಬಂದ ವ್ಯತ್ಯಾಸವೇ ಅಲ್ಲಿ ಸಾಕ್ಷಿಯಾಯಿತು. ಬಿಹಾರದಲ್ಲಿ ಮಹಾಲೇಖಪಾಲರ ತಂಡ ಮರಳು ಸಾಗಣೆಯ ಚಲನ್‌ಗಳನ್ನು ವಾಹನ ನೋಂದಣಿ ದಾಖಲೆಗೆ ಹೋಲಿಸಿದಾಗ ಆಂಬ್ಯುಲೆನ್ಸ್, ಆಟೊರಿಕ್ಷಾ ಮತ್ತು ಬೈಕುಗಳ ನಂಬರಿನಲ್ಲಿ ಮರಳು ಸಾಗಿದ್ದು ಬೆಳಕಿಗೆ ಬಂತು. ಕರ್ನಾಟಕದಲ್ಲಿ ಉಪ ಖನಿಜದ ಲೋಡಿಗೆ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಿಂದ ಖನಿಜ ಸಾಗಣೆ ಪರವಾನಗಿ ಸಿಗುತ್ತದೆ. ಅದರಲ್ಲಿ ಗುತ್ತಿಗೆಯ ಸಂಖ್ಯೆ, ವಾಹನದ ನಂಬರು, ತೂಕ, ತಲುಪುವ ಸ್ಥಳ, ಅವಧಿ ಮುಗಿಯುವ ಹೊತ್ತು ಇರುತ್ತವೆ. ಒಂದೇ ಪರ್ಮಿಟಿನಲ್ಲಿ ಎರಡು ಟ್ರಿಪ್ ಹೊಡೆಯುವುದು, ಟಿಪ್ಪರ್‌ನಲ್ಲಿ ನಮೂದಿಗಿಂತ ಹೆಚ್ಚು ತುಂಬುವುದು ಈ ವಹಿವಾಟಿನಲ್ಲಿ ಎಲ್ಲರೂ ಬಲ್ಲ ಹಳೆಯ ಉಪಾಯಗಳು. ಸರ್ಕಾರಿ ಕಾಮಗಾರಿಯ ಬಿಲ್ಲಿನಲ್ಲಿ ತೋರಿಸಿದ ಜಲ್ಲಿಯ ಪ್ರಮಾಣವನ್ನು ಆ ತಾಲ್ಲೂಕಿನ ಪರ್ಮಿಟ್‌ಗಳ ಮೊತ್ತದೊಂದಿಗೆ ಇಟ್ಟು ನೋಡಿದರೆ ಇಂಥವು ಅಂಕಿಯಾಗಿ ಕಾಣುತ್ತವೆ.

ತ್ಯಾಜ್ಯದ ಅಂದಾಜು

ಕಟ್ಟಡ ತ್ಯಾಜ್ಯಕ್ಕೆ ಹೀಗೆ ತಾಳೆ ಹಾಕಲು ಕಾಗದವೇ ಕಡಿಮೆ. ಕೇಂದ್ರದ ತಂತ್ರಜ್ಞಾನ ಮುನ್ನೋಟ ಸಂಸ್ಥೆ ಟೈಫ್ಯಾಕ್ 2001ರಲ್ಲಿ ಒಂದು ಅಳತೆ ಕೊಟ್ಟಿತು. ಹೊಸ ಕಟ್ಟಡದಿಂದ ಚದರ ಮೀಟರಿಗೆ 40ರಿಂದ 60 ಕಿಲೊ, ಕೆಡವಿದಾಗ 300ರಿಂದ 500 ಕಿಲೊ, ರಿಪೇರಿಯಿಂದ 40ರಿಂದ 50 ಕಿಲೊ ತ್ಯಾಜ್ಯ ಬರುತ್ತದೆ ಎಂಬುದು ಅದರ ಲೆಕ್ಕ. ಸರ್ಕಾರ ಬಹುಕಾಲ ದೇಶದ ಒಟ್ಟು ಕಟ್ಟಡ ತ್ಯಾಜ್ಯ ವರ್ಷಕ್ಕೆ ಒಂದರಿಂದ ಒಂದೂಕಾಲು ಕೋಟಿ ಟನ್ ಎಂದೇ ಹೇಳುತ್ತಾ ಬಂತು. ಇದೇ ಅಳತೆಯನ್ನು ದೇಶದಲ್ಲಿ ಏಳುತ್ತಿದ್ದ, ಕೆಡವುತ್ತಿದ್ದ ಮತ್ತು ರಿಪೇರಿಯಾಗುತ್ತಿದ್ದ ಕಟ್ಟಡಗಳ ವಿಸ್ತೀರ್ಣಕ್ಕೆ ಹಚ್ಚಿದ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರಕ್ಕೆ 2013ರ ಅಂದಾಜು 53 ಕೋಟಿ ಟನ್ ಬಂತು. ಅಂಕಿ ಚಿಕ್ಕದಾದಷ್ಟೂ ಅದಕ್ಕೆ ಕೊಡಬೇಕಾದ ಜಾಗ, ದುಡ್ಡು, ಘಟಕ ಎಲ್ಲವೂ ಚಿಕ್ಕದಾಗುತ್ತವೆ. ಯಾವ ಅಂಕಿ ಯಾರದು, ಅದು ಹೇಗೆ ಹುಟ್ಟಿತು ಎಂದು ಕೇಳುವುದು ಈ ಕ್ಷೇತ್ರದ ಮೊದಲ ಪಾಠವಾಗಬೇಕು.

ಬೆಂಗಳೂರಿನ ಹಳೆ ಬಡಾವಣೆಯಲ್ಲಿ 30×40 ಅಡಿ ಸೈಟಿನ ಒಂದಂತಸ್ತಿನ ಮನೆ ಕೆಡವುವುದನ್ನು ನೋಡಿದರೆ ಈ ಲೆಕ್ಕಕ್ಕೆ ಜೀವ ಬರುತ್ತದೆ. ಕೆಡವುವ ಗುತ್ತಿಗೆದಾರ ಮೊದಲು ಬೆಲೆ ಕಟ್ಟುವುದು ತೇಗದ ಬಾಗಿಲು ಕಿಟಕಿಗೆ. ಆಮೇಲೆ ಗ್ರಿಲ್, ವೈರು, ಪೈಪು. ಸಾದರಹಳ್ಳಿ ಕಲ್ಲಿನ ಚಪ್ಪಡಿ ಇದ್ದರೆ ಅದನ್ನು ಒಡೆಯದೆ ಎಬ್ಬಿಸುತ್ತಾರೆ. ತಾರಸಿ ಒಡೆದ ಮೇಲೆ ಕಂಬಿಯನ್ನು ಸುತ್ತಿಗೆಯಲ್ಲಿ ಬಿಡಿಸಿ ಗುಜರಿಗೆ ತೂಗುತ್ತಾರೆ. ಗೋಡೆಯ ಇಟ್ಟಿಗೆ ಹಳೆಯ ಸುಣ್ಣದ ಗಾರೆಯದ್ದಾದರೆ ಕೆರೆದು ಮತ್ತೆ ಮಾರುತ್ತಾರೆ. ಸಿಮೆಂಟ್ ಗಾರೆಯದ್ದಾದರೆ ಇಟ್ಟಿಗೆಯೇ ಒಡೆಯುತ್ತದೆ. ಹೀಗೆ ಕಾಸು ಹುಟ್ಟುವುದೆಲ್ಲ ಮೊದಲೇ ಹೋಗಿ, ಯಾರಿಗೂ ಬೇಡದ ರಾಶಿ ಕೊನೆಗೆ ಉಳಿಯುತ್ತದೆ. ಮನೆಯ ವಿಸ್ತೀರ್ಣ 80 ಚದರ ಮೀಟರ್ ಎಂದರೂ ಟೈಫ್ಯಾಕ್ ಅಳತೆಯಲ್ಲಿ ಒಟ್ಟು 24ರಿಂದ 40 ಟನ್. ಇದು ಕತ್ತಲಾದ ಮೇಲೆ ಟ್ರ್ಯಾಕ್ಟರ್ ಏರಿ ರಾಜಕಾಲುವೆಯ ಅಂಚಿಗೋ ಕೆರೆಯ ಹಿನ್ನೀರಿಗೋ ಬಿದ್ದರೆ ಕೆರೆಯ ದಂಡೆ ಮುಂದೆ ಸರಿಯುತ್ತದೆ. ಆ ಜಾಗ ಕ್ರಮೇಣ ಸೈಟೂ ಆಗಬಲ್ಲದು. ನಗರದ ಉತ್ತರಕ್ಕಿರುವ ಮಿಟ್ಟಗಾನಹಳ್ಳಿ, ಬೆಳ್ಳಹಳ್ಳಿಯಂಥ ಕಡೆ ಕಲ್ಲು ತೆಗೆದು ಬಿಟ್ಟ ಕ್ವಾರಿ ಗುಂಡಿಗಳೇ ನಗರದ ಕಸಕ್ಕೆ ಭರ್ತಿ ಜಾಗಗಳಾದವು. ಕಲ್ಲು ಕೊಟ್ಟ ಊರುಗಳೇ ಕಸವನ್ನೂ ಹೊತ್ತವು. ಅಲ್ಲಿನ ಬಾವಿ, ಬೋರ್‌ವೆಲ್ ನೀರಿನ ಅಧ್ಯಯನ ಈ ಕ್ಷೇತ್ರದ ತುರ್ತು ಕೆಲಸ.

ನಿಯಮಗಳು ಮತ್ತು ಮರುಬಳಕೆ

2016ರ ಮಾರ್ಚ್ 29ರಂದು ಹೊರಬಂದ ಕಟ್ಟಡ ನಿರ್ಮಾಣ ಮತ್ತು ಕೆಡವುವಿಕೆಯ ತ್ಯಾಜ್ಯ ನಿರ್ವಹಣಾ ನಿಯಮಗಳು ಈ ತ್ಯಾಜ್ಯಕ್ಕೆ ಪ್ರತ್ಯೇಕ ಕಾನೂನು ಕೊಟ್ಟವು. ದಿನಕ್ಕೆ 20 ಟನ್ ಅಥವಾ ತಿಂಗಳಿಗೆ ಒಂದು ಯೋಜನೆಯಿಂದ 300 ಟನ್ ಮೀರಿ ತ್ಯಾಜ್ಯ ಮಾಡುವವರು ಕಾಂಕ್ರೀಟ್, ಮಣ್ಣು, ಕಬ್ಬಿಣ, ಮರ, ಪ್ಲಾಸ್ಟಿಕ್, ಇಟ್ಟಿಗೆ ಗಾರೆ ಎಂದು ಬೇರ್ಪಡಿಸಿ, ನಿರ್ವಹಣೆಯ ಯೋಜನೆಗೆ ಸ್ಥಳೀಯ ಸಂಸ್ಥೆಯ ಒಪ್ಪಿಗೆ ಪಡೆಯಬೇಕಿತ್ತು. ಮೇಲೆ ಹೇಳಿದ ಮನೆಯನ್ನು ಮೂರ್ನಾಲ್ಕು ದಿನದಲ್ಲಿ ಕೆಡವಿದರೆ ಅದು ಈ ಮಿತಿಯ ಕೆಳಗೇ ಉಳಿಯುತ್ತಿತ್ತು. ಬೆಂಗಳೂರಿನ ಬಹುಪಾಲು ಕೆಡವುವ ಕೆಲಸ ಇಂಥ ಸಣ್ಣ ಮನೆಗಳದ್ದು ಎಂಬುದು ಯಾವ ಬೀದಿಯಲ್ಲಿ ನಡೆದರೂ ಗೊತ್ತಾಗುತ್ತದೆ.

ಸರ್ಕಾರಿ ಗುತ್ತಿಗೆಗಳಲ್ಲಿ ಕೊಳ್ಳುವ ಸಾಮಗ್ರಿಯಲ್ಲಿ ಶೇ 10ರಿಂದ 20ರಷ್ಟು ಕಟ್ಟಡ ತ್ಯಾಜ್ಯದಿಂದ ಮಾಡಿದ್ದಾಗಿರಬೇಕೆಂಬ ಅಂಶವೂ ಆ ನಿಯಮಗಳಲ್ಲಿತ್ತು. ಅದೇ ವರ್ಷ ಪರಿಷ್ಕೃತವಾದ ಐಎಸ್ 383 ಮಾನಕ ಕಾಂಕ್ರೀಟ್ ಒಡೆದು ಮಾಡಿದ ಜಲ್ಲಿಗೆ ಬಾಗಿಲು ತೆರೆಯಿತು. ಕಂಬಿ ಇಲ್ಲದ ಕಾಂಕ್ರೀಟಿನಲ್ಲಿ ಶೇ 25ರವರೆಗೆ, ಎಂ-25 ಮತ್ತು ಅದಕ್ಕಿಂತ ಕೆಳದರ್ಜೆಯ ಕಂಬಿ ಕಾಂಕ್ರೀಟಿನಲ್ಲಿ ಶೇ 20ರವರೆಗೆ ಇದನ್ನು ಸೇರಿಸಬಹುದು. ದೆಹಲಿಯ ಬುರಾಡಿಯಲ್ಲಿ 2009ರಿಂದಲೇ ಸಂಸ್ಕರಣಾ ಘಟಕವಿದೆ. ಬೆಂಗಳೂರಿಗೆ ಚಿಕ್ಕಜಾಲದಲ್ಲಿ ಖಾಸಗಿ ಘಟಕ ಬಂತು. ಘಟಕ ನಿಲ್ಲುವುದೋ ಬಿಡುವುದೋ ಯಂತ್ರಕ್ಕಿಂತ ಹೆಚ್ಚಾಗಿ ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಮೇಲೆ ನಿಂತಿದೆ. ಪಟ್ಟಿಯಲ್ಲಿ ಹೆಸರಿಲ್ಲದ ಸಾಮಗ್ರಿಯನ್ನು ಎಂಜಿನಿಯರ್ ಅಂದಾಜುಪಟ್ಟಿಗೆ ಸೇರಿಸುವುದಿಲ್ಲ. ಸೇರಿಸದಿದ್ದರೆ ಗುತ್ತಿಗೆದಾರ ಕೊಳ್ಳುವುದಿಲ್ಲ. ಹಾರುಬೂದಿಯ ಅನುಭವ ಇಲ್ಲಿ ಪಾಠವಾಗಬಲ್ಲದು. ಶಾಖೋತ್ಪನ್ನ ಕೇಂದ್ರದ 50 ಕಿ.ಮೀ. ಒಳಗಿನ ಇಟ್ಟಿಗೆಗೂಡುಗಳು ಮಣ್ಣಿಗೆ ಬೂದಿ ಬೆರೆಸಲೇಬೇಕು ಎಂದು 1999ರ ಸೆಪ್ಟೆಂಬರ್‌ನ ಅಧಿಸೂಚನೆ ಕಡ್ಡಾಯ ಮಾಡಿತು. ಆ ಅಂತರ ಮುಂದೆ 100, ಬಳಿಕ 300 ಕಿ.ಮೀ.ಗೆ ಏರಿತು. ಕಡ್ಡಾಯದ ಜೊತೆಗೇ ಬೂದಿ ಇಟ್ಟಿಗೆಯ ಮಾರುಕಟ್ಟೆ ಬೆಳೆಯಿತು.

ಸಾಮಗ್ರಿಯ ವಿಜ್ಞಾನದಲ್ಲಿ ಬೆಂಗಳೂರಿನ ಕೊಡುಗೆ ಹಳೆಯದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಕಟ್ಟಿದ ಆಸ್ಟ್ರ ಕೇಂದ್ರದಿಂದ ಒತ್ತಿದ ಮಣ್ಣಿನ ಇಟ್ಟಿಗೆಯ ಸಂಶೋಧನೆ ಬೆಳೆಯಿತು. ಒಂದೊಂದು ಸಾಮಗ್ರಿಯ ತಯಾರಿಕೆಗೆ ಎಷ್ಟು ಇಂಧನ ಹಿಡಿಯುತ್ತದೆ ಎಂದು ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಈ ವಿಷಯದ ಸಂಶೋಧಕರು ಇಂದಿಗೂ ಉಲ್ಲೇಖಿಸುತ್ತಾರೆ.

2016ರ ನಿಯಮಗಳ ಜಾಗಕ್ಕೆ 2025ರ ಏಪ್ರಿಲ್‌ನಲ್ಲಿ ಹೊಸ ನಿಯಮಗಳು ಪ್ರಕಟವಾದವು. ಜಾರಿಯ ದಿನಾಂಕ 2026ರ ಏಪ್ರಿಲ್ 1. 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ನಿರ್ಮಿತ ವಿಸ್ತೀರ್ಣದ ಯೋಜನೆಗಳು ಪೋರ್ಟಲ್‌ನಲ್ಲಿ ನೋಂದಾಯಿಸಿ, ತಮ್ಮ ತ್ಯಾಜ್ಯದ ಮರುಬಳಕೆಯ ಹೊಣೆ ಹೊರಬೇಕೆಂಬುದು ಇದರ ತಿರುಳು. ದೊಡ್ಡ ಅಪಾರ್ಟ್‌ಮೆಂಟ್, ಟೆಕ್ ಪಾರ್ಕ್‌ಗಳ ತ್ಯಾಜ್ಯ ಈ ಮೂಲಕ ಲೆಕ್ಕಕ್ಕೆ ಸಿಗಬೇಕು. ಆ ದಾಖಲೆಯನ್ನು ಕ್ವಾರಿ ಪರ್ಮಿಟ್‌ಗಳ ಪಕ್ಕದಲ್ಲಿ ಇಟ್ಟು ನೋಡುವ ಅವಕಾಶ ಸಂಶೋಧಕರಿಗೆ ಸಿಗಬೇಕಾದರೆ ಎರಡನ್ನೂ ಸಾರ್ವಜನಿಕರಿಗೆ ತೆರೆದಿಡಬೇಕು. 30×40 ಸೈಟಿನ ಮನೆಗೆ ಮಾತ್ರ ಈ ಹೊಣೆ ತಟ್ಟುವುದಿಲ್ಲ. ಅದರ ಲೆಕ್ಕವನ್ನು ವಾರ್ಡ್ ಮಟ್ಟದಲ್ಲೇ, ಕೆಡವಲು ಅನುಮತಿ ಕೊಡುವ ಹೊತ್ತಿಗೇ ಬರೆದುಕೊಳ್ಳಬೇಕಾಗುತ್ತದೆ.