ಬಸದಿ

ಚನ್ನರಾಯಪಟ್ಟಣದ ಕಡೆಯಿಂದ ಬಸ್ಸಿನಲ್ಲಿ ಬಂದು ಶ್ರವಣಬೆಳಗೊಳದಲ್ಲಿ ಇಳಿದವನು, ರಾತ್ರಿ ತಂಗುವ ಉದ್ದೇಶವಿದ್ದರೆ, ಮೊದಲು ವಿಚಾರಿಸುವುದು ವಸತಿಗೃಹವನ್ನು. ಕೈಚೀಲವನ್ನು ಅಲ್ಲಿರಿಸಿ, ಮುಖ ತೊಳೆದು, ಕಾಫಿ ಕುಡಿದು ಹೊರಟ ಮೇಲೆ ವಿಚಾರಿಸುವುದು ಬಸದಿಗಳನ್ನು. ಒಂದೇ ಶಬ್ದವನ್ನು ಎರಡು ವೇಷಗಳಲ್ಲಿ ಉಚ್ಚರಿಸಿದೆನೆಂಬ ಅರಿವು ಅವನಿಗೆ ಬಹುಶಃ ಉಂಟಾಗುವುದಿಲ್ಲ. ಸಂಸ್ಕೃತದ ‘ವಸತಿ’ಯೇ, ವನವು ಬನವಾದ ಹಾಗೆ ತನ್ನ ವಕಾರವನ್ನೂ, ಭೂತಿಯು ಬೂದಿಯಾದ ಹಾಗೆ ತನ್ನ ತಕಾರವನ್ನೂ ಮಾರ್ಪಡಿಸಿಕೊಂಡು, ಕನ್ನಡದಲ್ಲಿ ‘ಬಸದಿ’ಯಾಯಿತು. ತತ್ಸಮವೆಂದರೆ ಘನವಾದುದು, ತದ್ಭವವೆಂದರೆ ಬಳಕೆಯಲ್ಲಿ ಸವೆದುದು ಎಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗಾಗಿದೆ: ತತ್ಸಮವು ವಿದ್ಯಾರ್ಥಿಗಳ ವಸತಿನಿಲಯಕ್ಕೂ ಸರ್ಕಾರದ ವಸತಿ ಯೋಜನೆಗೂ ದುಡಿಯುತ್ತಿರಲು, ತದ್ಭವವು ಜಿನಾಲಯವೊಂದನ್ನೇ ಆಶ್ರಯಿಸಿ ಪೂಜ್ಯವಾಗಿ ಕುಳಿತಿದೆ. ಶಿವನ ಗುಡಿಯನ್ನಾಗಲಿ ವಿಷ್ಣುವಿನ ಗುಡಿಯನ್ನಾಗಲಿ ಬಸದಿಯೆಂದು ಯಾರೂ ಕರೆಯರು.

ಇದರಲ್ಲಿ ಒಂದು ವಿನೋದವೂ ಉಂಟು. ಜೈನಪರಿಭಾಷೆಯಲ್ಲಿ ಗೃಹಸ್ಥನು ಸಾಗಾರ, ಮುನಿಯು ಅನಗಾರ, ಎಂದರೆ ಮನೆಯಿಲ್ಲದವನು. ಮಳೆಗಾಲದ ಚಾತುರ್ಮಾಸ್ಯವನ್ನುಳಿದು ಒಂದೆಡೆ ನೆಲೆಸದಿರುವುದೇ ಅವನ ನಿಯಮ. ಮನೆಯನ್ನು ತೊರೆದವರ ಧರ್ಮವು ತನ್ನ ದೇವಾಲಯಕ್ಕೆ ಮನೆಯೆಂಬ ಅರ್ಥದ ಹೆಸರನ್ನೇ ಉಳಿಸಿಕೊಂಡಿತು.

ಅರಸರೂ ಪಂಡಿತರೂ ಈ ಕಟ್ಟಡಗಳಿಗೆ ಇಟ್ಟ ಹೆಸರುಗಳು ಮಾತ್ರ ಇಷ್ಟು ಸರಳವಾದುವಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಕಟ್ಟಿಸಿದ ಜಿನಾಲಯಕ್ಕೆ ಶಾಸನದಲ್ಲಿರುವ ಹೆಸರು ‘ಇಂದಿರಾಕುಲಗೃಹ’. ಜನರು ಬಾಗಿಲ ಬಳಿಯ ಶಾಸನವನ್ನು ನೋಡಿ ಅದನ್ನು ‘ಶಾಸನ ಬಸದಿ’ ಎಂದರು. ಊರೊಳಗೆ ಭಂಡಾರಿ ಹುಳ್ಳನು 1159ರಲ್ಲಿ ಕಟ್ಟಿಸಿದ ಇಪ್ಪತ್ತನಾಲ್ಕು ತೀರ್ಥಂಕರರ ಆಲಯಕ್ಕೆ ಹೊಯ್ಸಳ ನರಸಿಂಹನು ‘ಭವ್ಯಚೂಡಾಮಣಿ’ಯೆಂಬ ನಾಮವನ್ನು ದಯಪಾಲಿಸಿದನು, ಅದು ಇಂದಿಗೂ ‘ಭಂಡಾರಿ ಬಸದಿ’. ಶೈವನಾದ ಚಂದ್ರಮೌಳಿ ಮಂತ್ರಿಯ ಜೈನಪತ್ನಿ ಆಚಿಯಕ್ಕನು 1181ರಲ್ಲಿ ಕಟ್ಟಿಸಿದುದು, ‘ಆಚಿ’ಯನ್ನು ಕಳೆದುಕೊಂಡು ‘ಅಕ್ಕನ ಬಸದಿ’ಯಾಗಿ, ಯಾರ ಅಕ್ಕನೆಂದು ಕೇಳುವ ಅಗತ್ಯವೇ ಇಲ್ಲದಂತೆ ಊರಿಗೆಲ್ಲ ಅಕ್ಕನದಾಗಿಬಿಟ್ಟಿತು. ಬೆಳಕು ಸಾಲದುದು ಕತ್ತಲೆ ಬಸದಿ. ಮುಂದೆ ತೇರಿನಾಕಾರದ ರಚನೆಯುಳ್ಳುದು ತೇರಿನ ಬಸದಿ. ದೊಡ್ಡಬೆಟ್ಟದಲ್ಲಿ ಗೋಡೆಗೆ ಊರೆಯಾಗಿ ಕಲ್ಲುಗಳನ್ನು ಕೊಟ್ಟುದು ಒದೆಗಲ್ ಬಸದಿ. ಮೂಡಬಿದಿರೆಯಲ್ಲಿಯೂ ಹಾಗೆಯೇ: 1430ರ ‘ತ್ರಿಭುವನತಿಲಕ ಚೂಡಾಮಣಿ’ಯು ಸಾವಿರ ಕಂಬದ ಬಸದಿಯೆಂದಲ್ಲದೆ ಯಾರಿಗೂ ಗುರುತಿಲ್ಲ. ನೆರೆಮನೆಗಳನ್ನು ಹಿತ್ತಿಲಿನಿಂದಲೋ ಮೊಗಸಾಲೆಯಿಂದಲೋ ಗುರುತಿಸುವ ಬುದ್ಧಿಯೇ ಇಲ್ಲೆಲ್ಲ ಕೆಲಸ ಮಾಡಿದೆ. ರಾಜದತ್ತ ನಾಮಕ್ಕೆ ಸೊಪ್ಪು ಹಾಕಿದ ಒಂದು ಅಪವಾದವನ್ನು ಹೇಳಲೇಬೇಕು: ವಿಷ್ಣುವರ್ಧನನ ರಾಣಿ ಶಾಂತಲೆಯು 1123ರಲ್ಲಿ ನಿರ್ಮಿಸಿದ ‘ಸವತಿಗಂಧವಾರಣ ಬಸದಿ’. ಸವತಿಯರಿಗೆ ಮದ್ದಾನೆಯಂತಿರುವವಳೆಂಬ ಅವಳ ಬಿರುದನ್ನು ಜನರು ಏಕೆ ಬಿಟ್ಟುಕೊಡಲಿಲ್ಲವೆಂಬುದನ್ನು ಊಹಿಸಲು ಹೆಚ್ಚಿನ ಪಾಂಡಿತ್ಯ ಬೇಡ.

ಇಷ್ಟೆಲ್ಲ ಬಸದಿಗಳ ನಡುವೆ, ಚಾವುಂಡರಾಯನು ನಿಲ್ಲಿಸಿದ ಐವತ್ತೆಂಟು ಅಡಿಯ ಗೊಮ್ಮಟನಿಗೆ ಮಾತ್ರ ಬಸದಿಯಿಲ್ಲ. ಸುತ್ತಾಲಯ ಬಂದಿತು, ಮಾಡು ಬರಲಿಲ್ಲ; ಅನಗಾರನೆಂಬ ಪದಕ್ಕೆ ಅವನೇ ನಿಜವಾದ ವ್ಯಾಖ್ಯಾನ.

ಆಡುಮಾತಿನಲ್ಲಿ ಬಸದಿಯು ಇನ್ನಷ್ಟು ಸವೆದು ‘ಬಸ್ತಿ’ಯಾಗಿದೆ. ಉತ್ತರದಿಂದ ಬರುವ ಯಾತ್ರಿಕರಿಗೆ ಬಸ್ತಿಯೆಂದರೆ ಜನರು ಬಾಳುವ ಕೇರಿ. ಅವರ ಪದವೂ ನಮ್ಮದೂ ವಸತಿಯ ಸಂತಾನವೇ. ನನಗೆ ಬಸದಿಯ ದಕಾರವನ್ನು ಬಿಡಲು ಮನಸ್ಸಿಲ್ಲ. ಆದರೆ ಹಳೇಬೀಡಿನ ಮಗ್ಗುಲಲ್ಲಿ, ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿರುವ ಊರಿಗೆ ಹೋಗುವಾಗ ನನ್ನ ಹಟ ನಡೆಯುವುದಿಲ್ಲ. ಆ ಊರಿನ ಮನೆಗಳಲ್ಲಿ ವಾಸಿಸುವವರೆಲ್ಲ ತಮ್ಮದು ಬಸ್ತಿಹಳ್ಳಿಯೆನ್ನುತ್ತಾರೆ.