ಹೊಲ, ಅಂಗಡಿ, ಗಡಿ: ತಾಳವಾಡಿಯ ಸಣ್ಣ ವ್ಯಾಪಾರಿಗೆ ತೆರಿಗೆ ಉಳಿತಾಯದ ದಾರಿಗಳು

ಈರೋಡಿನಿಂದ ತಾಳವಾಡಿಗೆ ಬರುವವರು ಸತ್ಯಮಂಗಲ, ಬಣ್ಣಾರಿ ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಬೇಕು. ಚಾಮರಾಜನಗರದಿಂದ ಬರುವವರಿಗೆ ಆ ಘಾಟಿಯ ಕಷ್ಟವಿಲ್ಲ. ಮಾತು, ನೆಂಟಸ್ತಿಕೆ, ಜಾತ್ರೆ, ವ್ಯಾಪಾರ ಎಲ್ಲವೂ ಉತ್ತರದ ಬಯಲಿನೊಂದಿಗೆ ಹೆಣೆದುಕೊಂಡಿವೆ. ಆಡಳಿತ ಮಾತ್ರ ಘಾಟಿಯ ಕೆಳಗಿದೆ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯಲ್ಲಿದ್ದ ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರು ಜಿಲ್ಲೆಯನ್ನು ಒಡೆದು ಇಂದಿನ ಈರೋಡ್ ಜಿಲ್ಲೆಯನ್ನು ಮಾಡಿದಾಗ ತಾಳವಾಡಿ ಅದರ ಪಾಲಾಯಿತು.

ಈ ಗಡಿಗೆರೆ ಶಾಲೆ, ಕಚೇರಿ, ಭಾಷೆಗಳ ಮೇಲೆ ಮಾಡಿದ ಪರಿಣಾಮದ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಗೊಬ್ಬರದ ಅಂಗಡಿ, ದಿನಸಿ ಅಂಗಡಿ, ತರಕಾರಿ ಮಂಡಿ, ಅರಿಶಿನ ಪಾಲಿಶ್ ಮಾಡುವ ಘಟಕಗಳ ತೆರಿಗೆಯನ್ನು ಅದು ಹೇಗೆ ಬದಲಿಸುತ್ತದೆ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತಾಳವಾಡಿಯಂಥ ಊರಿನಲ್ಲಿ ಸಣ್ಣ ವ್ಯಾಪಾರಿಯ ತೆರಿಗೆಯನ್ನು ವಹಿವಾಟಿನ ಗಾತ್ರ ಒಂದೇ ತೀರ್ಮಾನಿಸುವುದಿಲ್ಲ. ಎರಡು ಗೆರೆಗಳು ಅದರಷ್ಟೇ ಮುಖ್ಯ. ಒಂದು ರಾಜ್ಯದ ಗಡಿ, ಇನ್ನೊಂದು ಹೊಲಕ್ಕೂ ಅಂಗಡಿಗೂ ನಡುವಿನ ಗಡಿ. ಈ ಎರಡನ್ನೂ ಬಿಲ್ಲಿನಲ್ಲಿ, ಲೆಕ್ಕದ ಪುಸ್ತಕದಲ್ಲಿ ಸ್ಪಷ್ಟವಾಗಿ ಕಾಣಿಸುವುದೇ ಇಲ್ಲಿ ಆಡಿಟರ್ ಕೊಡಬಹುದಾದ ಅತ್ಯುತ್ತಮ ಉಳಿತಾಯದ ಸಲಹೆ ಎಂಬುದು ಈ ಲೇಖನದ ವಾದ.

ಉಳಿತಾಯದ ಎಲ್ಲೆ

ತೆರಿಗೆ ಕಡಿಮೆ ಮಾಡಿಕೊಳ್ಳುವುದಕ್ಕೂ ತೆರಿಗೆ ಕದಿಯುವುದಕ್ಕೂ ಇರುವ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ ಹಲವು ಬಾರಿ ವಿಚಾರಿಸಿದೆ. 1985ರ ಮ್ಯಾಕ್‌ಡೊವೆಲ್ ತೀರ್ಪು ಬಣ್ಣ ಹಚ್ಚಿದ ವ್ಯವಹಾರಗಳು ತೆರಿಗೆ ಯೋಜನೆಯ ಭಾಗವಾಗಲಾರವು ಎಂದಿತು. ಕಾನೂನಿನ ಚೌಕಟ್ಟಿನೊಳಗಿನ ಯೋಜನೆಗೆ ಅಡ್ಡಿಯಿಲ್ಲ ಎಂದೂ ಒಪ್ಪಿತು. 2003ರ ಆಜಾದಿ ಬಚಾವೊ ಆಂದೋಲನ್ ತೀರ್ಪು ಈ ಎರಡನೆಯ ಮಾತಿಗೆ ಹೆಚ್ಚು ಬಲ ಕೊಟ್ಟಿತು. ದೊಡ್ಡ ಕಂಪನಿಗಳ ಈ ವಾದ ತಾಳವಾಡಿಯ ಅಂಗಡಿಯಲ್ಲಿ ಒಂದು ಬಿಲ್ಲಿನ ಪ್ರಶ್ನೆಯಾಗಿ ಎದುರಾಗುತ್ತದೆ.

ಬಿಲ್ಲಿನ ಮೇಲಿನ ವಿಳಾಸ

2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿಯಲ್ಲಿ ಸರಕು ಮಾರುವವರಿಗೆ ನೋಂದಣಿಯ ಮಿತಿ ಈಗ ವರ್ಷಕ್ಕೆ ₹40 ಲಕ್ಷ, ಸೇವೆ ಕೊಡುವವರಿಗೆ ₹20 ಲಕ್ಷ. ಈರೋಡಿನ ಅಂಗಡಿಯವರಿಗೆ ಈ ಸಂಖ್ಯೆ ಗೊತ್ತಿದ್ದರೆ ಬಹುಮಟ್ಟಿಗೆ ಸಾಕು. ತಾಳವಾಡಿಯವರಿಗೆ ಸಾಲದು. ತೆರಿಗೆಗೆ ಒಳಪಡುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ಕೇಂದ್ರ ಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್ ನೋಂದಣಿಯನ್ನು ಕಡ್ಡಾಯ ಮಾಡುತ್ತದೆ. ವರ್ಷಕ್ಕೆ ₹15 ಲಕ್ಷ ವ್ಯಾಪಾರ ಮಾಡುವ ಹಾರ್ಡ್‌ವೇರ್ ಅಂಗಡಿಯವರು ಚಾಮರಾಜನಗರದ ನೋಂದಾಯಿತ ವರ್ತಕರಿಗೆ ಒಂದು ಲೋಡು ಕಳಿಸಿದರೂ ಅದು ಅಂತರರಾಜ್ಯ ಮಾರಾಟವೇ.

ಗಡಿಯಾಚೆಯ ರೈತರೊಬ್ಬರು ಅಂಗಡಿಗೆ ಬಂದು ಸ್ಪ್ರೇಯರ್ ಕೊಂಡು ಹೋದರೆ? 2023ರ ಅಕ್ಟೋಬರ್ 1ರಿಂದ ಏಕೀಕೃತ ಜಿಎಸ್‌ಟಿ ಕಾಯ್ದೆಯ 10ನೇ ಸೆಕ್ಷನ್ನಿಗೆ ಹೊಸ ಉಪಕಲಂ ಸೇರಿದೆ. ಕೊಳ್ಳುವವರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ, ಬಿಲ್ಲಿನಲ್ಲಿ ಬರೆದ ವಿಳಾಸ ಯಾವ ರಾಜ್ಯದ್ದೋ ಮಾರಾಟ ಆ ರಾಜ್ಯದಲ್ಲಿ ನಡೆದಂತೆ. ವಿಳಾಸ ಬರೆಯದಿದ್ದರೆ ಮಾರಾಟ ಅಂಗಡಿಯಿರುವ ರಾಜ್ಯದ್ದೇ. ಪೂರ್ತಿ ವಿಳಾಸ ಬೇಕಿಲ್ಲ. ರಾಜ್ಯದ ಹೆಸರು ಬರೆದರೂ ವಿಳಾಸ ಬರೆದಂತೆಯೇ.

ಗಿರಾಕಿ ಕೊಡುವ ಹಣದಲ್ಲಿ ಇದರಿಂದ ವ್ಯತ್ಯಾಸವಾಗುವುದಿಲ್ಲ. ಶೇ 5ರ ಸರಕಾದರೆ ಒಂದು ಕಡೆ ಎರಡೂವರೆ–ಎರಡೂವರೆಯಾಗಿ ಹಂಚುತ್ತದೆ, ಇನ್ನೊಂದು ಕಡೆ ಇಡೀ ಶೇ 5 ಏಕೀಕೃತ ತೆರಿಗೆಯಾಗುತ್ತದೆ. ಬದಲಾಗುವುದು ವ್ಯಾಪಾರಿಯ ಅರ್ಹತೆ. ವಹಿವಾಟು ₹1.5 ಕೋಟಿ ಮೀರದವರಿಗೆ ಇರುವ ರಾಜಿ ತೆರಿಗೆ, ಅಂದರೆ ಕಾಂಪೋಸಿಷನ್ ಪದ್ಧತಿ, ಬೇರೆ ರಾಜ್ಯಕ್ಕೆ ಸರಕು ಮಾರುವವರಿಗೆ ಸಿಗುವುದಿಲ್ಲ. ಬೇರೆ ರಾಜ್ಯದಿಂದ ಕೊಳ್ಳಲು ಅಡ್ಡಿಯಿಲ್ಲ. ಹೀಗಾಗಿ ಚಾಮರಾಜನಗರದ ಸಗಟು ಅಂಗಡಿಯಿಂದ ಸರಕು ತಂದು ತಾಳವಾಡಿಯಲ್ಲಿ ಮಾರುವವರು ರಾಜಿ ತೆರಿಗೆಯಲ್ಲಿ ನಿಶ್ಚಿಂತೆಯಿಂದ ಇರಬಹುದು. ಗಡಿಯಾಚೆಯ ವಿಳಾಸಕ್ಕೆ ಒಂದು ಬಿಲ್ಲು ಹರಿದರೂ ಆ ಅರ್ಹತೆ ಹೋಗುತ್ತದೆ.

ಬಿಲ್ಲಿನ ಮೊತ್ತ ₹50,000ಕ್ಕಿಂತ ಕಡಿಮೆಯಿದ್ದು ನೋಂದಣಿಯಿಲ್ಲದ ಗಿರಾಕಿ ಕೇಳದಿದ್ದರೆ ಹೆಸರು, ವಿಳಾಸ ಬರೆಯಲೇಬೇಕೆಂದು 46ನೇ ನಿಯಮ ಹೇಳುವುದಿಲ್ಲ. ಆ ಮೊತ್ತ ಮುಟ್ಟಿದರೆ ಬರೆಯಲೇಬೇಕು. ಆದ್ದರಿಂದ ಕೌಂಟರಿನ ಚಿಲ್ಲರೆ ಬಿಲ್ಲಿನಲ್ಲಿ ಅನಗತ್ಯವಾಗಿ ವಿಳಾಸ ತುಂಬಬೇಡಿ ಎನ್ನುವುದು ಕಾನೂನಿಗೆ ಒಪ್ಪುವ ಸಲಹೆ. ₹80,000ದ ಒಂದು ಮಾರಾಟವನ್ನು ಎರಡು ಬಿಲ್ಲುಗಳಾಗಿ ಒಡೆಯಿರಿ ಎನ್ನುವುದು ವಂಚನೆಗೆ ಕೊಟ್ಟ ಕುಮ್ಮಕ್ಕು. ಮ್ಯಾಕ್‌ಡೊವೆಲ್ ತೀರ್ಪು ಎಳೆದ ಎಲ್ಲೆ ಈ ಎರಡು ಮಾತುಗಳ ನಡುವೆ ಇದೆ. ತಿಳಿಯದೆ ತಪ್ಪು ಶೀರ್ಷಿಕೆಯಲ್ಲಿ ತೆರಿಗೆ ಕಟ್ಟಿದ್ದರೆ ಸರಿಯಾದದ್ದನ್ನು ಬಡ್ಡಿಯಿಲ್ಲದೆ ಕಟ್ಟಿ, ಮೊದಲಿನದನ್ನು ಮರಳಿ ಪಡೆಯಲು ಕಾಯ್ದೆಯಲ್ಲಿಯೇ ಅವಕಾಶವಿದೆ.

ರಾಜಿ ತೆರಿಗೆ ಯಾರಿಗೆ ಲಾಭ?

ರಾಜಿ ತೆರಿಗೆಯ ಶೇ 1 ಎಂಬ ದರ ಕಿವಿಗೆ ಹಿತವಾಗಿದೆ. ಅದು ಎಲ್ಲರಿಗೂ ಲಾಭವಲ್ಲ. ಈ ಪದ್ಧತಿಯಲ್ಲಿರುವವರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆಯೂ ಸಿಗುವುದಿಲ್ಲ. ಶೇ 18ರ ಒಂದು ಹಾರ್ಡ್‌ವೇರ್ ಸಾಮಾನನ್ನು ₹100ಕ್ಕೆ ಕೊಂಡು ₹130ಕ್ಕೆ ಮಾರುವವರನ್ನು ನೋಡೋಣ. ತೆರಿಗೆ ಸೇರಿದ ಮಾರಾಟ ಬೆಲೆ ₹153.40. ಮಾಮೂಲಿ ಪದ್ಧತಿಯಲ್ಲಿ ಕೈಗೆ ಉಳಿಯುವುದು ₹30. ರಾಜಿ ಪದ್ಧತಿಯಲ್ಲಿ ಅದೇ ಬೆಲೆಗೆ ಮಾರಿ, ಖರೀದಿಯ ₹118 ಮತ್ತು ತೆರಿಗೆಯ ₹1.53 ಕಳೆದರೆ ಉಳಿಯುವುದು ₹33.87. ಶೇ 5ರ ಗೊಬ್ಬರವನ್ನು ₹100ಕ್ಕೆ ಕೊಂಡು ₹104ಕ್ಕೆ ಮಾರುವವರ ಲೆಕ್ಕ ತಿರುವುಮುರುವು. ಮಾಮೂಲಿ ಪದ್ಧತಿಯಲ್ಲಿ ₹4 ಉಳಿದರೆ, ರಾಜಿಯಲ್ಲಿ ₹109.20ರಿಂದ ₹105 ಮತ್ತು ₹1.09 ಕಳೆದು ₹3.11. ಲಾಭಾಂಶ ಕಡಿಮೆಯಿರುವ ಗೊಬ್ಬರದ ಅಂಗಡಿಗೆ, ಅದರಲ್ಲೂ ಆಚೆಯ ಊರುಗಳ ರೈತರು ಬರುವ ಅಂಗಡಿಗೆ, ಮಾಮೂಲಿ ನೋಂದಣಿಯೇ ಹೆಚ್ಚು ಉಳಿತಾಯದ ದಾರಿ.

ಮಂಡಿಯ ಸ್ಥಿತಿ ಬೇರೆ. ಕೋಸು, ಆಲೂಗೆಡ್ಡೆ, ಟೊಮೆಟೊ, ಬಾಳೆಯಂಥ ತಾಜಾ ಬೆಳೆಗೆ ಜಿಎಸ್‌ಟಿ ಇಲ್ಲ. ಅವನ್ನಷ್ಟೇ ಮಾರುವವರು ವಹಿವಾಟು ಎಷ್ಟಿದ್ದರೂ ಮಾರಾಟಕ್ಕಾಗಿ ನೋಂದಣಿ ಮಾಡಿಸಬೇಕಿಲ್ಲ, ಮೈಸೂರಿಗೆ ಕಳಿಸಿದರೂ. ತನ್ನ ಹೊಲದ ಬೆಳೆ ಮಾರುವ ರೈತರಿಗೆ 23ನೇ ಸೆಕ್ಷನ್ನಿನ ರಕ್ಷಣೆ ಪ್ರತ್ಯೇಕವಾಗಿಯೇ ಇದೆ. ಅರಿಶಿನ ಮಾತ್ರ ಎಚ್ಚರ ಬೇಡುತ್ತದೆ: ಹಸಿ ಕೊಂಬಿಗೆ ತೆರಿಗೆ ಇಲ್ಲ, ಒಣಗಿದ್ದಕ್ಕೂ ಪುಡಿಗೂ ಶೇ 5. ಈರೋಡ್ ಅರಿಶಿನಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಪೊಟ್ಟಣ ಕಟ್ಟಿ ಗಡಿಯಾಚೆ ಮಾರಲು ಹೊರಡುವ ಯುವಕರು ಮೊದಲು ಕೇಳಿಕೊಳ್ಳಬೇಕಾದದ್ದು ಈ ನೋಂದಣಿಯ ಪ್ರಶ್ನೆ.

ಹೊಲದ ಆದಾಯ, ಅಂಗಡಿಯ ಆದಾಯ

ಭಾರತದೊಳಗಿನ ಜಮೀನಿನಿಂದ ಬರುವ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ದಾಖಲೆ ಈಚೆಯ ಪಟ್ಟಾ–ಚಿಟ್ಟಾ ಆಗಿರಲಿ, ಆಚೆಯ ಪಹಣಿ ಆಗಿರಲಿ, ವಿನಾಯಿತಿ ಒಂದೇ. ಕೃಷಿಗೆ ಬಿಟ್ಟ ಜಮೀನಿನ ಗುತ್ತಿಗೆ ಹಣವೂ ಕೃಷಿ ಆದಾಯವೇ. ಹಾಲು, ಕೋಳಿಗಳಿಂದ ಬಂದದ್ದು ಹಾಗಲ್ಲ. ಹೊಲದಲ್ಲಿ ನಿಂತ ಬೆಳೆಯನ್ನೇ ಕೊಂಡು, ಕೊಯ್ಲು ಮಾಡಿಸಿ ಮಾರುವ ವ್ಯಾಪಾರಿಯ ಲಾಭವೂ ಕೃಷಿ ಆದಾಯವಲ್ಲ. ಮದರಾಸು ಹೈಕೋರ್ಟ್ 1951ರಲ್ಲೇ ಮದ್ದಿ ವೆಂಕಟಸುಬ್ಬಯ್ಯ ಪ್ರಕರಣದಲ್ಲಿ ಇದನ್ನು ತೀರ್ಮಾನಿಸಿದೆ.

ಅರಿಶಿನವನ್ನು ಬೇಯಿಸಿ, ಒಣಗಿಸಿ, ಪಾಲಿಶ್ ಮಾಡುವುದು ಬೆಳೆಯನ್ನು ಮಾರುಕಟ್ಟೆಗೆ ಅಣಿಗೊಳಿಸಲು ರೈತರು ಸಾಮಾನ್ಯವಾಗಿ ಮಾಡುವ ಕೆಲಸ. ಅಲ್ಲಿಯವರೆಗಿನದು ಕೃಷಿ ಆದಾಯ. ಪುಡಿ ಮಾಡಿ ಪೊಟ್ಟಣದಲ್ಲಿ ಮಾರಿದರೆ ವ್ಯಾಪಾರ ಶುರುವಾಗುತ್ತದೆ. ಆಗಲೂ ಇಡೀ ಹಣ ವ್ಯಾಪಾರದ್ದಾಗುವುದಿಲ್ಲ. ಆದಾಯ ತೆರಿಗೆ ನಿಯಮ 7ರ ಪ್ರಕಾರ ಸ್ವಂತ ಬೆಳೆಯ ಮಾರುಕಟ್ಟೆ ಬೆಲೆಯನ್ನು ಕಳೆದು ವ್ಯಾಪಾರದ ಲಾಭ ಲೆಕ್ಕ ಹಾಕಬೇಕು. ಪುಡಿ ಮಾರಿ ಬಂದದ್ದು ₹9 ಲಕ್ಷ, ಬಳಸಿದ ಸ್ವಂತ ಅರಿಶಿನದ ಮಾರುಕಟ್ಟೆ ಬೆಲೆ ₹6 ಲಕ್ಷ, ಪುಡಿ–ಪೊಟ್ಟಣದ ಖರ್ಚು ₹1 ಲಕ್ಷ ಎಂದುಕೊಂಡರೆ ವ್ಯಾಪಾರದ ಆದಾಯ ₹2 ಲಕ್ಷ ಮಾತ್ರ. ಪುಡಿಗೆ ಹಾಕಿದ ದಿನಗಳ ಮಾರುಕಟ್ಟೆ ದರದ ಚೀಟಿಗಳನ್ನು ಎತ್ತಿಟ್ಟವರಿಗೆ ಈ ₹6 ಲಕ್ಷವನ್ನು ತೋರಿಸಿಕೊಡುವುದು ಕಷ್ಟವಲ್ಲ.

ನಗದು, ಬ್ಯಾಂಕು ಮತ್ತು ₹12 ಲಕ್ಷದ ಭರವಸೆ

1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಸೆಕ್ಷನ್ ₹2 ಕೋಟಿವರೆಗಿನ ವಹಿವಾಟಿನ ವ್ಯಾಪಾರಿಗೆ ಅಂದಾಜು ಆದಾಯದ ದಾರಿ ಕೊಟ್ಟಿದೆ. ನಗದು ಸ್ವೀಕೃತಿ ಶೇ 5 ಮೀರದಿದ್ದರೆ ಮಿತಿ ₹3 ಕೋಟಿ. ನಗದಾಗಿ ಬಂದದ್ದರ ಶೇ 8, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದದ್ದರ ಶೇ 6 ಕನಿಷ್ಠ ಲಾಭವೆಂದು ತೋರಿಸಬೇಕು. ನಿಜವಾದ ಲಾಭ ಹೆಚ್ಚಿದ್ದರೆ ಅದನ್ನೇ ತೋರಿಸಬೇಕು. ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಿದರಾಯಿತು. 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಇಟ್ಟುಕೊಂಡ 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬದಲಾಗಿದೆ, ತತ್ವ ಉಳಿದಿದೆ.

2025–26ರ ಸಾಲಿನ ಹೊಸ ತೆರಿಗೆ ಪದ್ಧತಿಯಲ್ಲಿ ₹1.80 ಕೋಟಿ ವಹಿವಾಟಿನ ಒಂದು ಅಂಗಡಿಯನ್ನು ತೆಗೆದುಕೊಳ್ಳೋಣ. ಎಲ್ಲವೂ ನಗದಾದರೆ ಅಂದಾಜು ಆದಾಯ ₹14.40 ಲಕ್ಷ, ಸೆಸ್ ಸೇರಿ ತೆರಿಗೆ ₹99,840. ಎಲ್ಲವೂ ಬ್ಯಾಂಕಿನ ಮೂಲಕ ಬಂದರೆ ಆದಾಯ ₹10.80 ಲಕ್ಷ, ₹12 ಲಕ್ಷದವರೆಗಿನ ಆದಾಯಕ್ಕೆ ಸಿಗುವ ರಿಯಾಯಿತಿಯಿಂದ ತೆರಿಗೆ ಸೊನ್ನೆ. ಹಣ ಬಂದ ದಾರಿ ಒಂದೇ ಸುಮಾರು ಲಕ್ಷ ರೂಪಾಯಿಯ ವ್ಯತ್ಯಾಸ ಮಾಡಿತು.

ತಾಳವಾಡಿಯ ಅಂಗಡಿಯವರಲ್ಲಿ ಹೊಲವಿಲ್ಲದವರು ವಿರಳ. ಅದೇ ವ್ಯಾಪಾರಿಗೆ ₹3 ಲಕ್ಷ ನಿವ್ವಳ ಕೃಷಿ ಆದಾಯವಿದ್ದರೆ ಸೊನ್ನೆ ಎಂಬ ಉತ್ತರ ತಪ್ಪಾಗುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಉಳಿದ ಆದಾಯದ ದರ ನಿಗದಿಗೆ ಅದನ್ನು ಕೂಡಿಸಬೇಕು. ಒಟ್ಟು ₹13.80 ಲಕ್ಷದ ಮೇಲಿನ ತೆರಿಗೆ ₹87,000. ಅದರಿಂದ ಕೃಷಿ ಆದಾಯಕ್ಕೆ ಮೂಲ ವಿನಾಯಿತಿಯ ₹4 ಲಕ್ಷ ಸೇರಿಸಿದ ₹7 ಲಕ್ಷದ ಮೇಲಿನ ₹15,000 ಕಳೆದರೆ ₹72,000. ರಿಯಾಯಿತಿಯ ಗರಿಷ್ಠ ಮಿತಿ ₹60,000. ಉಳಿದ ₹12,000, ಸೆಸ್ ಸೇರಿ ₹12,480, ಕಟ್ಟಲೇಬೇಕು. ₹12 ಲಕ್ಷದವರೆಗೆ ತೆರಿಗೆಯೇ ಇಲ್ಲ ಎಂದು ನಂಬಿ ಕೃಷಿ ಆದಾಯವನ್ನು ರಿಟರ್ನಿನಲ್ಲಿ ಬಿಟ್ಟವರಿಗೆ ನೋಟಿಸು ಬರುವುದು ಇಂಥಲ್ಲಿ. ಜಮೀನು ಪಿತ್ರಾರ್ಜಿತವಾಗಿದ್ದು ಅಣ್ಣತಮ್ಮಂದಿರ ಪಾಲುಗಳು ದಾಖಲೆಯಲ್ಲಿದ್ದರೆ ಆಯಾ ಪಾಲಿನ ಆದಾಯ ಆಯಾಯವರದು. ಇದು ನ್ಯಾಯವಾದ ಉಳಿತಾಯ. ತೆರಿಗೆಗೆ ಹೆದರಿ ಹೆಂಡತಿಯ ಹೆಸರಿಗೆ ಜಮೀನು ಬರೆದುಕೊಟ್ಟರೆ ಅದರ ಆದಾಯ ಮತ್ತೆ ಗಂಡನ ಲೆಕ್ಕಕ್ಕೇ ಸೇರುತ್ತದೆ.

ಮಂಡಿಯ ದಲ್ಲಾಳಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ಕಮಿಷನ್ ವ್ಯವಹಾರಕ್ಕೆ 44ಎಡಿ ಅನ್ವಯಿಸುವುದೇ ಇಲ್ಲ. ಅವರು ನಿಜವಾದ ಲೆಕ್ಕ ಬರೆದು, ಖರ್ಚು ಕಳೆದು, ಲಾಭ ತೋರಿಸಬೇಕು. ಸ್ವಂತ ಖಾತೆಗೆ ಬೆಳೆ ಕೊಂಡು ಮಾರುವವರೂ ನಿಜವಾದ ಲೆಕ್ಕ ಬರೆಯುವುದಾದರೆ, ಒಬ್ಬರಿಗೆ ಒಂದೇ ದಿನ ₹10,000 ಮೀರಿ ನಗದು ಕೊಟ್ಟ ಖರ್ಚನ್ನು ಕಾಯ್ದೆ ಒಪ್ಪುವುದಿಲ್ಲ. ಬೆಳೆದ ರೈತರಿಗೇ ಕೊಟ್ಟದ್ದಾದರೆ ನಿಯಮ 6ಡಿಡಿ ವಿನಾಯಿತಿ ಕೊಡುತ್ತದೆ. ಇನ್ನೊಬ್ಬ ವ್ಯಾಪಾರಿಗೆ ಕೊಟ್ಟರೆ ಆ ವಿನಾಯಿತಿ ಇಲ್ಲ. ರೈತರ ಹೆಸರು, ಊರು, ಸಹಿ ಇರುವ ಖರೀದಿ ಚೀಟಿಯ ಬೆಲೆ ಇಲ್ಲಿ ತಿಳಿಯುತ್ತದೆ. ಕೋಸು ಸಾಗಿಸುವ ಪಿಕಪ್ ಮಾಲೀಕರಿಗೆ 44ಎಇ ಸೆಕ್ಷನ್ನಿನ ದಾರಿಯಿದೆ: ಹಗುರ ವಾಹನಕ್ಕೆ ತಿಂಗಳಿಗೆ ₹7,500 ಅಂದಾಜು ಆದಾಯ, ಹತ್ತು ವಾಹನಗಳವರೆಗೆ.

2025ರ ಜುಲೈ ಕಲಿಸಿದ್ದು

ಗಡಿಯಾಚೆ 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಸ್ವೀಕೃತಿಗಳ ಆಧಾರದಲ್ಲಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ ₹1.63 ಕೋಟಿ ವಹಿವಾಟಿಗೆ ₹29 ಲಕ್ಷ ಕೇಳಲಾಯಿತು. ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಸಭೆ ಕರೆದು, ಹಾಲು, ತರಕಾರಿ, ಹಣ್ಣಿನಂಥ ವಿನಾಯಿತಿ ಸರಕು ಮಾರುವವರಿಂದ ತೆರಿಗೆ ವಸೂಲು ಮಾಡುವುದಿಲ್ಲ ಎಂದು ಭರವಸೆ ಕೊಟ್ಟರು. ಯುಪಿಐ ಹಣ ಎಷ್ಟು ಬಂತೆಂದು ಹೇಳುತ್ತದೆ, ಯಾವ ಸರಕಿಗೆ ಬಂತೆಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಬಿಲ್ಲು. ಹೆದರಿ ನಗದಿಗೆ ಮರಳಿದವರು ಶೇ 6ರ ಅನುಕೂಲ ಬಿಟ್ಟು ಶೇ 8ಕ್ಕೆ ಹೋದಂತಾಯಿತು. ತಾಳವಾಡಿಯ ಮಂಡಿಗಳಿಗೆ ಈ ಪ್ರಸಂಗದ ಪಾಠ ನೇರವಾಗಿ ಅನ್ವಯಿಸುತ್ತದೆ. ವಿನಾಯಿತಿ ಸರಕಿಗೆ ಒಂದು ಖಾತೆ, ತೆರಿಗೆಯ ಸರಕಿಗೆ ಇನ್ನೊಂದು, ಮನೆಯ ನೆಂಟರ ಹಣಕ್ಕೆ ಮೂರನೆಯದು ಇದ್ದರೆ ಇಂಥ ನೋಟಿಸಿಗೆ ಉತ್ತರ ಕೊಡುವುದು ಸುಲಭ.

ಎರಡು ಬೇಡಿಕೆಗಳು

ಈ ವಿವರಗಳೆಲ್ಲ ಕಾಯ್ದೆಯ ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಲೆಕ್ಕ ಬರೆದು ತಮಿಳುನಾಡಿನ ಕಚೇರಿಗೆ ಉತ್ತರ ಹೇಳಬೇಕಾದ ವ್ಯಾಪಾರಿಗೆ ಅವು ಆಡಿಟರ್ ಬಾಯಿಂದಲೇ ತಲುಪಬೇಕು. ಬಿಲ್ಲಿನ ವಿಳಾಸ, ಕೃಷಿ ಆದಾಯದ ಕೂಡಿಕೆ, ಖರೀದಿ ಚೀಟಿಯ ಮಾದರಿ ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚಲು ವರ್ತಕರ ಸಂಘಗಳಿಗೆ ದೊಡ್ಡ ಖರ್ಚು ಬರದು.

ಇನ್ನೊಂದು ಬೇಡಿಕೆ ಜಿಎಸ್‌ಟಿ ಮಂಡಳಿಯ ಮುಂದೆ ಇಡಬೇಕಾದದ್ದು. 2017ರ ಅಕ್ಟೋಬರಿನಿಂದ ಸೇವೆ ಕೊಡುವವರು ಬೇರೆ ರಾಜ್ಯಕ್ಕೆ ಸೇವೆ ಕೊಟ್ಟರೂ ₹20 ಲಕ್ಷದವರೆಗೆ ನೋಂದಣಿ ಬೇಕಿಲ್ಲ. ತಾಳವಾಡಿಯ ಪಂಪ್‌ಸೆಟ್ ರಿಪೇರಿಯವರು ಚಾಮರಾಜನಗರದಲ್ಲಿ ಕೆಲಸ ಮಾಡಿ ಬರಬಹುದು. ಅದೇ ಊರಿಗೆ ಪಂಪ್‌ಸೆಟ್ಟಿನ ಬಿಡಿಭಾಗ ಮಾರಿ ವಿಳಾಸ ಬರೆದ ಅಂಗಡಿಯವರಿಗೆ ಮೊದಲ ರೂಪಾಯಿಯಿಂದಲೇ ನೋಂದಣಿ. ಸೇವೆಗೆ ಕೊಟ್ಟ ಸಡಿಲಿಕೆಯನ್ನು ಸಣ್ಣ ಮೊತ್ತದ ಸರಕು ಮಾರಾಟಕ್ಕೂ ವಿಸ್ತರಿಸಿದರೆ ತಾಳವಾಡಿಯಿಂದ ಕಾಸರಗೋಡಿನವರೆಗಿನ ಗಡಿನಾಡಿನ ಅಂಗಡಿಗಳಿಗೆ ಅನುಕೂಲವಾಗುತ್ತದೆ. ಬೊಕ್ಕಸಕ್ಕೆ ಆಗುವ ನಷ್ಟವೂ ಅಲ್ಪ, ಏಕೆಂದರೆ ಈ ಅಂಗಡಿಗಳು ಸಗಟು ವರ್ತಕರಿಂದ ಸರಕು ಕೊಳ್ಳುವಾಗಲೇ ತೆರಿಗೆಯ ಬಹುಪಾಲನ್ನು ಕಟ್ಟಿರುತ್ತವೆ.