ನಮಗೆ ಓಟಿಲ್ಲದ ಚುನಾವಣೆ: 1969ರ ಆತ್ಮಸಾಕ್ಷಿ ಮತ



ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂತೆಂದರೆ ನಮ್ಮ ಮಿಯಾಪುರದ ಅಪಾರ್ಟ್‌ಮೆಂಟುಗಳಿಗೂ ಕಾವೇರುತ್ತದೆ. ಮಗ ಡಲ್ಲಾಸಿನಲ್ಲಿ, ಮಗಳು ನ್ಯೂಜೆರ್ಸಿಯಲ್ಲಿ ಇರುವ ಮನೆಗಳು ಇಲ್ಲಿ ಕಡಿಮೆಯೇನಿಲ್ಲ. ಎಚ್-1ಬಿ ವೀಸಾ ಏನಾದೀತು, ಗ್ರೀನ್ ಕಾರ್ಡ್ ಇನ್ನೆಷ್ಟು ವರ್ಷ ತಡವಾದೀತು ಎಂಬುದು ಆ ಮನೆಗಳ ಮಟ್ಟಿಗೆ ಅಡುಗೆಮನೆಯ ಪ್ರಶ್ನೆ. ಹಾಗಾಗಿ 2024ರಲ್ಲಿ ಟ್ರಂಪ್ ಮತ್ತು ಕಮಲಾ ಹ್ಯಾರಿಸ್ ನಡುವಿನ ಹಣಾಹಣಿಯನ್ನು ಇಲ್ಲಿಯವರು ಪಂಚಾಯಿತಿ ಚುನಾವಣೆಯಷ್ಟೇ ಹತ್ತಿರದಿಂದ ನೋಡಿದರು. ಕಮಲಾ ಅವರ ತಾಯಿಯ ತಂದೆಯ ಊರಾದ ತಮಿಳುನಾಡಿನ ತುಳಸೇಂದ್ರಪುರಂನಲ್ಲಿ ಪೂಜೆ ನಡೆಯಿತು. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ವಡ್ಲೂರಿನವರು ಉಷಾ ವ್ಯಾನ್ಸ್ ನಮ್ಮ ಹುಡುಗಿ ಎಂದರು. ನಾವು ಕನ್ನಡಿಗರೂ ಹಿಂದೆ ಬೀಳಲಿಲ್ಲ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಮಿಷಿಗನ್ನಿನಿಂದ ಅಮೆರಿಕದ ಸಂಸತ್ತಿಗೆ ಹೋಗಿದ್ದಾರಲ್ಲ!

ಇದನ್ನು ನೋಡಿ ನಗುವವರೂ ಇದ್ದಾರೆ. ಓಟೇ ಇಲ್ಲದವರಿಗೆ ಇಷ್ಟು ಉಮೇದು ಯಾಕೆ ಎನ್ನುತ್ತಾರೆ. ಸರಿ, ಆದರೆ ನಮ್ಮದೇ ದೇಶದ ರಾಷ್ಟ್ರಪತಿ ಚುನಾವಣೆಯಲ್ಲೂ ನಮಗೆ ಓಟಿಲ್ಲ. ಸಂಸದರು, ಶಾಸಕರು ಓಟು ಹಾಕುತ್ತಾರೆ, ನಾವು ರೇಡಿಯೋದಲ್ಲಿ ಫಲಿತಾಂಶ ಕೇಳುತ್ತೇವೆ. ಸಾಮಾನ್ಯವಾಗಿ ಅದು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಒಂದೇ ಒಂದು ಸಲ ಮಾತ್ರ ಓಟಿಲ್ಲದ ಜನ ಅದನ್ನು ತಮ್ಮದೇ ಚುನಾವಣೆ ಎಂದುಕೊಂಡು ಬೀದಿಗಿಳಿದರು. ಅದು 1969. ಆ ಜಗಳದ ಒಂದು ಕೊನೆ ಬೆಂಗಳೂರಿನ ಲಾಲ್‌ಬಾಗಿನಲ್ಲಿದ್ದರೆ ಇನ್ನೊಂದು ಕೊನೆ ನಾವಿರುವ ಈ ಹೈದರಾಬಾದಿಗೆ ತಾಗಿತ್ತು.

ಶುರುವಾದದ್ದು ಒಂದು ಸಾವಿನಿಂದ. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಅಧಿಕಾರದಲ್ಲಿರುವಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. ಹುಟ್ಟಿದ್ದು ಇದೇ ಹೈದರಾಬಾದಿನಲ್ಲಿ. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಗಿರಿಯವರು ನಮಗೆ ಹೊಸಬರಲ್ಲ. 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿ ಬೆಂಗಳೂರಿನ ರಾಜಭವನದಲ್ಲಿದ್ದವರು. ಬರಹಂಪುರದ ತೆಲುಗು ಮನೆತನ, ಕಾರ್ಮಿಕ ಸಂಘಟನೆಯಲ್ಲಿ ಪಳಗಿದ ಕೈ. ಮುಂದಿನ ರಾಷ್ಟ್ರಪತಿ ತಾವೇ ಎಂದು ಅವರು ಎಣಿಸಿದ್ದರೆ ತಪ್ಪೇನಿರಲಿಲ್ಲ.

ಆದರೆ ಕಾಂಗ್ರೆಸ್ಸಿನೊಳಗೆ ಬೇರೆಯದೇ ಲೆಕ್ಕ ನಡೆದಿತ್ತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಏಕೀಕರಣದ ಹೋರಾಟದಲ್ಲಿ ದುಡಿದು, 1956ರಲ್ಲಿ ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿಯಾದ ಚಿತ್ರದುರ್ಗದ ವಕೀಲರು. ಅವರು, ಕಾಮರಾಜ್, ಎಸ್.ಕೆ. ಪಾಟೀಲ್ ಮೊದಲಾದ ಹಿರಿಯರ ಕೂಟಕ್ಕೆ ಪತ್ರಿಕೆಗಳು ಇಟ್ಟ ಹೆಸರು ಸಿಂಡಿಕೇಟ್. ಪ್ರಧಾನಿ ಇಂದಿರಾ ಗಾಂಧಿಯವರಿಗೂ ಈ ಕೂಟಕ್ಕೂ ಆಗುತ್ತಿರಲಿಲ್ಲ. ರಾಷ್ಟ್ರಪತಿ ಭವನದಲ್ಲಿ ತಮ್ಮವರೊಬ್ಬರು ಇದ್ದರೆ ಪ್ರಧಾನಿಯನ್ನು ಹದ್ದುಬಸ್ತಿನಲ್ಲಿಡಬಹುದು ಎಂಬುದು ಹಿರಿಯರ ಯೋಚನೆ ಎಂದು ಇಂದಿರಾ ಅವರ ಕಡೆಯವರು ನಂಬಿದ್ದರು.

ಜುಲೈ ಎರಡನೇ ವಾರ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ. ಫಲಪುಷ್ಪ ಪ್ರದರ್ಶನಕ್ಕೆ ಹೆಸರಾದ ಜಾಗದಲ್ಲಿ ದೇಶದ ಹಳೆಯ ಪಕ್ಷ ಒಡೆಯಲು ಶುರುವಾಯಿತು! ಇಂದಿರಾ ತಾವು ಬರುವ ಮುಂಚೆಯೇ ಫಕ್ರುದ್ದೀನ್ ಅಲಿ ಅಹ್ಮದ್ ಅವರ ಕೈಲಿ ಒಂದು ಟಿಪ್ಪಣಿ ಕಳಿಸಿದ್ದರು. ಸುಮ್ಮನೆ ಹೊಳೆದ ಕೆಲವು ವಿಚಾರಗಳು ಎಂಬ ಧಾಟಿಯಲ್ಲಿದ್ದರೂ ಅದರಲ್ಲಿ ಬ್ಯಾಂಕ್ ರಾಷ್ಟ್ರೀಕರಣದಂಥ ಸಿಡಿಮದ್ದು ಇತ್ತು. ಜುಲೈ 12ರಂದು ಪಕ್ಷದ ಸಂಸದೀಯ ಮಂಡಳಿ ಸೇರಿತು. ಇಂದಿರಾ ಸೂಚಿಸಿದ್ದು ಜಗಜೀವನ್ ರಾಮ್ ಹೆಸರನ್ನು. ಬಹುಮತದಿಂದ ಆಯ್ಕೆಯಾದದ್ದು ಲೋಕಸಭೆಯ ಸ್ಪೀಕರ್ ನೀಲಂ ಸಂಜೀವ ರೆಡ್ಡಿ. ಅನಂತಪುರ ಜಿಲ್ಲೆಯವರು, ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ. ಆಗ ಅವರು ಪ್ರತಿನಿಧಿಸುತ್ತಿದ್ದುದು ಹಿಂದೂಪುರ ಕ್ಷೇತ್ರವನ್ನು. ಹಿಂದೂಪುರ, ಮಡಕಶಿರಾ ಕಡೆ ಹೋಗಿಬಂದವರಿಗೆ ಗೊತ್ತು, ಅಲ್ಲಿ ಸಂತೆಯಲ್ಲಿ ತೆಲುಗಿನಷ್ಟೇ ಸಲೀಸಾಗಿ ಕನ್ನಡವೂ ನಡೆಯುತ್ತದೆ.

ಅಲ್ಲಿಂದ ಮುಂದಿನ ಎಂಟು ದಿನ ದೇಶ ಉಸಿರು ಬಿಡಲಿಲ್ಲ. ಗಿರಿಯವರು ತಾವು ಸ್ವತಂತ್ರವಾಗಿ ನಿಲ್ಲುವುದಾಗಿ ಸಾರಿದರು. ಜುಲೈ 16ಕ್ಕೆ ಇಂದಿರಾ ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು, ಅವರು ರಾಜೀನಾಮೆ ಕೊಟ್ಟರು. ಜುಲೈ 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ. ಅಂದು ರಾತ್ರಿ ಪ್ರಧಾನಿಯೇ ಆಕಾಶವಾಣಿಯಲ್ಲಿ ಮಾತಾಡಿ ಜನರಿಗೆ ತಿಳಿಸಿದರು. ಸುಗ್ರೀವಾಜ್ಞೆಗೆ ಸಹಿ ಹಾಕಿದ್ದು ಗಿರಿ. ಮರುದಿನ ಅವರು ಎರಡೂ ಹುದ್ದೆ ಬಿಟ್ಟು ಕಣಕ್ಕಿಳಿದರು. ಆಗ ರಾಷ್ಟ್ರಪತಿಯೂ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ! ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಹಂಗಾಮಿ ರಾಷ್ಟ್ರಪತಿಯಾದರು. ಅದೇ ಹೊತ್ತಿಗೆ ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ಸುದ್ದಿ. ತಿಂಗಳ ಕೊನೆಗೆ ಅಮೆರಿಕದ ಅಧ್ಯಕ್ಷ ನಿಕ್ಸನ್ ದೆಹಲಿಗೆ ಬಂದಾಗ ಅವರನ್ನು ಬರಮಾಡಿಕೊಂಡವರು ಈ ನ್ಯಾಯಾಧೀಶರೇ. ನಿಕ್ಸನ್ನರಿಗೆ ಬಿಸಿಯೇರಿದ ಚುನಾವಣೆಗಳ ಪರಿಚಯ ಚೆನ್ನಾಗಿತ್ತು. 1960ರಲ್ಲಿ ಕೂದಲೆಳೆಯಲ್ಲಿ ಸೋತು, 1968ರಲ್ಲಿ ಕೂದಲೆಳೆಯಲ್ಲೇ ಗೆದ್ದವರು ಅವರು.

ಇನ್ನು ಜನರ ವಿಷಯ. ಬ್ಯಾಂಕ್ ರಾಷ್ಟ್ರೀಕರಣವಾದದ್ದೇ ತಡ, ದೆಹಲಿಯಲ್ಲಿ ಪ್ರಧಾನಿಯವರ ಮನೆಯ ಮುಂದೆ ದಿನವೂ ಜನಜಂಗುಳಿ. ಟ್ಯಾಕ್ಸಿ ಓಡಿಸುವವರು, ಆಟೋದವರು, ಸಣ್ಣ ನೌಕರರು, ಹಳ್ಳಿಯವರು. ಅವರಲ್ಲಿ ಎಷ್ಟೋ ಜನ ಬ್ಯಾಂಕಿನ ಮೆಟ್ಟಿಲು ಹತ್ತಿದವರಲ್ಲ. ಇವರನ್ನು ಕರೆತಂದವರೂ ಇದ್ದರು, ತಾವಾಗಿ ಬಂದವರೂ ಇದ್ದರು. ಎರಡೂ ನಿಜ. ಅವರಿಗೆ ಗಿರಿ, ರೆಡ್ಡಿ ಇಬ್ಬರೂ ಮುಖ್ಯವಲ್ಲ. ಬಡವರ ಕಡೆ ಯಾರು, ಸಾಹುಕಾರರ ಕಡೆ ಯಾರು ಎಂಬಷ್ಟಕ್ಕೆ ಇಡೀ ಚುನಾವಣೆ ಇಳಿದುಬಿಟ್ಟಿತ್ತು. ಸಂಜೀವ ರೆಡ್ಡಿಯವರೂ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರೇ. ಆದರೆ ಆ ವಾರಗಳಲ್ಲಿ ಅದನ್ನು ಕೇಳುವ ವ್ಯವಧಾನ ಯಾರಿಗಿತ್ತು?

ನಮ್ಮ ಕಡೆ ವಿಷಯ ಇನ್ನಷ್ಟು ಗೋಜಲು. ರಾಷ್ಟ್ರೀಕರಣವಾದ ಹದಿನಾಲ್ಕರಲ್ಲಿ ಎರಡು ಬ್ಯಾಂಕು ಕರಾವಳಿಯವು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಕಟ್ಟಿದ ಕೆನರಾ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್. ದಿನಕ್ಕೆ ಎರಡಾಣೆ ಕೂಡ ಮನೆ ಬಾಗಿಲಿಗೇ ಬಂದು ಪಡೆಯುತ್ತಿದ್ದ ಪಿಗ್ಮಿ ಠೇವಣಿ 1928ರಿಂದಲೂ ಇತ್ತು. ಅಂದರೆ ದೊಡ್ಡ ಸಾಹುಕಾರರ ಬ್ಯಾಂಕು ಎಂದು ದೆಹಲಿಯಲ್ಲಿ ಬೈಯುತ್ತಿದ್ದ ಪಟ್ಟಿಯಲ್ಲಿ ಮೀನು ಮಾರುವವರ, ಬೀಡಿ ಕಟ್ಟುವವರ ಚಿಲ್ಲರೆಯೂ ಸೇರಿತ್ತು. ಜೊತೆಗೆ ಹೆಸರಿನ ತಮಾಷೆ ಬೇರೆ. ಕರ್ನಾಟಕಕ್ಕೆ ಎರಡೆರಡು ಸಿಂಡಿಕೇಟು. ಒಂದು ಸರ್ಕಾರದ ಪಾಲಾಯಿತು, ಇನ್ನೊಂದು ಆ ವರ್ಷವೇ ಮುರಿದುಬಿತ್ತು. (ಬ್ಯಾಂಕಿನ ಹೆಸರೂ ಈಗಿಲ್ಲ ಬಿಡಿ. 2020ರ ಏಪ್ರಿಲ್ 1ರಂದು ಅದು ಕೆನರಾದಲ್ಲೇ ವಿಲೀನವಾಯಿತು.)

ಹೈದರಾಬಾದಿನಲ್ಲಿ? ಮಿಯಾಪುರ ಆಗ ಊರಾಚೆಯ ಹಳ್ಳಿ. ನಗರದ ಬೀದಿಗಳಲ್ಲಿ ಆ ವರ್ಷ ಇನ್ನೊಂದು ಬೆಂಕಿ. ಪ್ರತ್ಯೇಕ ತೆಲಂಗಾಣಕ್ಕಾಗಿ ವಿದ್ಯಾರ್ಥಿಗಳು ಎದ್ದಿದ್ದರು, ಗೋಲಿಬಾರುಗಳಾಗಿದ್ದವು, ಸಾವುಗಳಾಗಿದ್ದವು. ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ ರಾಷ್ಟ್ರಪತಿಯಾಗುತ್ತಾರೆ ಎಂಬುದಕ್ಕೆ ಹಿಗ್ಗುವ ಮನಸ್ಥಿತಿ ಇಲ್ಲಿ ಎಲ್ಲರಿಗೂ ಇರಲು ಸಾಧ್ಯವಿರಲಿಲ್ಲ. ಊರಿನವರು ಎಂಬ ಅಭಿಮಾನಕ್ಕೂ ಒಂದು ಹೊತ್ತು ಬೇಕು.

ಪ್ರಚಾರ ಎಷ್ಟು ಕೆಳಗಿಳಿಯಿತೆಂದರೆ ಸಂಜೀವ ರೆಡ್ಡಿಯವರ ನಡತೆಯ ಬಗ್ಗೆ ಹೊಲಸು ಬರೆದ, ಬರೆದವರ ಹೆಸರಿಲ್ಲದ ಒಂದು ಕರಪತ್ರ ಸಂಸತ್ತಿನ ಸೆಂಟ್ರಲ್ ಹಾಲಿನಲ್ಲೇ ಕೈಯಿಂದ ಕೈಗೆ ಓಡಾಡಿತು. ವಾಟ್ಸಾಪ್ ಫಾರ್ವರ್ಡುಗಳನ್ನು ಬೈಯುವಾಗ ಇದನ್ನೂ ನೆನೆಯಬೇಕು. ಇನ್ನೊಂದು ಕಡೆ ನಿಜಲಿಂಗಪ್ಪನವರು ಸ್ವತಂತ್ರ ಪಕ್ಷ ಮತ್ತು ಜನಸಂಘದ ನಾಯಕರನ್ನು ಕಂಡು, ನಿಮ್ಮ ಎರಡನೇ ಪ್ರಾಶಸ್ತ್ಯದ ಮತವನ್ನಾದರೂ ರೆಡ್ಡಿಯವರಿಗೆ ಕೊಡಿಸಿ ಎಂದು ಕೇಳಿದರು. ಆ ಪಕ್ಷಗಳ ಅಭ್ಯರ್ಥಿ ಹಿಂದಿನ ಹಣಕಾಸು ಸಚಿವ ಸಿ.ಡಿ. ದೇಶಮುಖ್. ಈ ಭೇಟಿ ಇಂದಿರಾ ಬಣಕ್ಕೆ ಹಬ್ಬದೂಟವಾಯಿತು. ನಮ್ಮನ್ನು ಕೆಳಗಿಳಿಸಲು ಬಲಪಂಥೀಯರ ಜೊತೆ ಒಪ್ಪಂದ ಎಂದು ಹುಯಿಲೆಬ್ಬಿಸಿದರು.

ನನ್ನ ಮಟ್ಟಿಗೆ ಇಲ್ಲಿ ಕೈ ತೊಳೆದುಕೊಂಡವರು ಯಾರೂ ಇಲ್ಲ. ಇಂದಿರಾ ಅವರು ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ತಾವೇ ಸಹಿ ಹಾಕಿದ್ದರು. ಹಾಕಿದ ಮೇಲೆ, ಮತದಾನದ ಹಿಂದಿನ ದಿನ, ಆತ್ಮಸಾಕ್ಷಿಗೆ ತಕ್ಕಂತೆ ಓಟು ಹಾಕಿ ಎಂದರು. ಇದಕ್ಕೆ ಆತ್ಮಸಾಕ್ಷಿ ಎನ್ನುವುದು ಆ ಶಬ್ದಕ್ಕೆ ಸ್ವಲ್ಪ ಭಾರವೇ. ನಿಜಲಿಂಗಪ್ಪನವರದ್ದು ಬೇರೆ ತಪ್ಪು. ಶಿಸ್ತಿನ ಮನುಷ್ಯ, ಮುಚ್ಚಿದ ಕೋಣೆಯಲ್ಲಿ ಕೈಗಳನ್ನು ಸರಿಯಾಗಿಯೇ ಎಣಿಸಿದರು. ಕಿಟಕಿಯಾಚೆಯ ಗದ್ದಲಕ್ಕೆ ಓಟಿಲ್ಲ, ಆದ್ದರಿಂದ ಬೆಲೆಯಿಲ್ಲ ಎಂದುಕೊಂಡರು. ಓಟಿದ್ದ ಶಾಸಕರು, ಸಂಸದರು ಮಾತ್ರ ಆ ಗದ್ದಲಕ್ಕೆ ಕಿವಿಗೊಟ್ಟಿದ್ದರು. ನಾಳೆ ಅದೇ ಜನರ ಮುಂದೆ ಓಟಿಗೆ ಹೋಗಬೇಕಾದವರು ಅವರು.

ಆಗಸ್ಟ್ 16ರಂದು ಮತದಾನ, 20ಕ್ಕೆ ಎಣಿಕೆ. ಈ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡುವಂಥದು. ಆಗ ಒಬ್ಬ ಸಂಸದನ ಓಟಿನ ಬೆಲೆ 576. ಶಾಸಕರ ಓಟಿಗೆ ಜನಸಂಖ್ಯೆಗೆ ತಕ್ಕ ಬೆಲೆ, ಮೈಸೂರಿನವರಿಗೆ 109, ಆಂಧ್ರದವರಿಗೆ 125. ಗೆಲ್ಲಲು ಬೇಕಾದದ್ದು 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖರಿಗೆ 1,12,769. ಯಾರೂ ಗೆಲ್ಲಲಿಲ್ಲ! ಕಣದಲ್ಲಿದ್ದ ಹದಿನೈದು ಜನರಲ್ಲಿ ಕೆಳಗಿನವರನ್ನು ಒಬ್ಬೊಬ್ಬರಾಗಿ ತೆಗೆದು ಎರಡನೇ ಪ್ರಾಶಸ್ತ್ಯ ಎಣಿಸಿದರು. ನಿಜಲಿಂಗಪ್ಪನವರು ಕೇಳಿದ ಮತಗಳು ಬಂದವು. ರೆಡ್ಡಿಯವರಿಗೆ ಹೊಸದಾಗಿ 91,879 ಸೇರಿತು, ಗಿರಿಗೆ ಬರೀ 18,562. ಆದರೂ ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಅಂತರ 14,650. ಅಂದರೆ ಹದಿಮೂರು ಸಂಸದರು ಆ ಕಡೆಯಿಂದ ಈ ಕಡೆ ಬಂದಿದ್ದರೆ ಫಲಿತಾಂಶ ತಿರುಗಿಬೀಳುತ್ತಿತ್ತು. ಎರಡನೇ ಪ್ರಾಶಸ್ತ್ಯದ ಎಣಿಕೆಯಲ್ಲಿ ತೀರ್ಮಾನವಾದ ರಾಷ್ಟ್ರಪತಿ ಚುನಾವಣೆ ಇದೊಂದೇ.

2000ದಲ್ಲಿ ಫ್ಲಾರಿಡಾದ 537 ಓಟು ಬುಷ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದಾಗ ಅದು ಕೋರ್ಟಿನಲ್ಲಿ ಮುಗಿಯಿತು. ನಮ್ಮದೂ ಕೋರ್ಟಿಗೆ ಹೋಯಿತು. ಆ ಕರಪತ್ರದ ವಿಷಯ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಗೆ ಬಂದಾಗ ಅಧಿಕಾರದಲ್ಲಿದ್ದ ರಾಷ್ಟ್ರಪತಿ ಗಿರಿ ತಾವೇ ಬಂದು ಸಾಕ್ಷಿ ನುಡಿದರು. 1970ರಲ್ಲಿ ಅರ್ಜಿ ವಜಾ ಆಯಿತು. 1974ರಲ್ಲಿ ಕಾನೂನು ಬದಲಾಗಿ, ಹತ್ತು ಸೂಚಕರು, ಹತ್ತು ಅನುಮೋದಕರು ಇಲ್ಲದೆ ಯಾರೂ ನಿಲ್ಲುವಂತಿಲ್ಲ ಎಂದಾಯಿತು. 1969ರಲ್ಲಿ ಒಂದು ಓಟೂ ಬೀಳದ ಅಭ್ಯರ್ಥಿಗಳಿದ್ದರು ನೋಡಿ!

ಜನರ ಲೆಕ್ಕ ಇತ್ಯರ್ಥವಾದದ್ದು ನಂತರ. ಆ ನವೆಂಬರಿನಲ್ಲಿ ಇಂದಿರಾ ಅವರನ್ನು ಪಕ್ಷದಿಂದ ಹೊರಹಾಕಿದರು, ಕಾಂಗ್ರೆಸ್ ಎರಡಾಯಿತು. ಮೈಸೂರು ರಾಜ್ಯದಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಕಡೆ ಉಳಿದರು, ದೇವರಾಜ ಅರಸು ಇಂದಿರಾ ಕಡೆ ಹೋದರು. 1971ರ ಲೋಕಸಭೆ ಚುನಾವಣೆಯಲ್ಲಿ ಜನಕ್ಕೇ ಓಟು ಸಿಕ್ಕಿತು. ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಕಾಂಗ್ರೆಸ್ಸಿಗೆ ಕೊಟ್ಟರು. ನಿಜಲಿಂಗಪ್ಪನವರ ಸ್ವಂತ ನೆಲದಲ್ಲಿ ಅವರ ಪಕ್ಷಕ್ಕೆ ಒಂದೂ ಇಲ್ಲ. 1972ರಲ್ಲಿ ಅರಸು ಮುಖ್ಯಮಂತ್ರಿಯಾದರು, ಭೂಸುಧಾರಣೆ, ಹಾವನೂರು ಆಯೋಗ ಎಲ್ಲ ಬಂದದ್ದು ಆಮೇಲೆ. ಆತ್ಮಸಾಕ್ಷಿ ಮತ ಎಂಬ ಮಾತು ಮಾತ್ರ ಕನ್ನಡದಲ್ಲಿ ಉಳಿದುಬಿಟ್ಟಿದೆ. ರಾಜ್ಯಸಭೆ ಚುನಾವಣೆಯಲ್ಲಿ ಯಾರಾದರೂ ಅಡ್ಡ ಮತ ಹಾಕಿ ಬಂದರೆ ಇಂದಿಗೂ ಮೊದಲು ಹೇಳುವುದು ಅದನ್ನೇ, ಒಂದು ಕಿರುನಗೆಯೊಂದಿಗೆ.

ಸೋತವರ ಕತೆ ಅಲ್ಲಿಗೆ ಮುಗಿಯಲಿಲ್ಲ. 1977ರಲ್ಲಿ ಆಂಧ್ರದ 42 ಸ್ಥಾನಗಳಲ್ಲಿ 41 ಕಾಂಗ್ರೆಸ್ಸಿಗೆ ಹೋದಾಗ ನಂದ್ಯಾಲದಿಂದ ಗೆದ್ದ ಒಬ್ಬರೇ ಜನತಾ ಪಕ್ಷದವರು ಸಂಜೀವ ರೆಡ್ಡಿ. ಫಕ್ರುದ್ದೀನ್ ಅಲಿ ಅಹ್ಮದ್ ಅವರ ನಿಧನದಿಂದ ರಾಷ್ಟ್ರಪತಿ ಸ್ಥಾನ ಖಾಲಿಯಾಗಿ, ನಮ್ಮ ಜಮಖಂಡಿ ಸೀಮೆಯ ಬಿ.ಡಿ. ಜತ್ತಿಯವರು ಹಂಗಾಮಿಯಾಗಿ ನೋಡಿಕೊಳ್ಳುತ್ತಿದ್ದರು. ಆ ಜುಲೈನಲ್ಲಿ 37 ನಾಮಪತ್ರಗಳಲ್ಲಿ 36 ತಿರಸ್ಕೃತವಾಗಿ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು. ಎಂಟು ವರ್ಷದ ಹಿಂದೆ ಅಷ್ಟು ಕೂಗಾಡಿದ ದೇಶದಲ್ಲಿ ಈ ಸಲ ಮತದಾನವೇ ನಡೆಯಲಿಲ್ಲ.

ದೇಶಮುಖರು ಕೊನೆಯ ವರ್ಷಗಳನ್ನು ಹೈದರಾಬಾದಿನಲ್ಲಿ ಕಳೆದು 1982ರಲ್ಲಿ ಇಲ್ಲೇ ತೀರಿಕೊಂಡರು. ಸಂಜೀವ ರೆಡ್ಡಿಯವರು 1996ರ ಜೂನ್ 1ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಸಮಾಧಿ ಇರುವುದು ಅಲ್ಲಿನ ಕಲ್ಪಳ್ಳಿಯಲ್ಲಿ, ಲಾಲ್‌ಬಾಗಿನ ಗಾಜಿನ ಮನೆಯಿಂದ ಕೆಲವೇ ಮೈಲಿ ದೂರ.